ಮುಹೂರ್ತ ಒಡೆದ ಮೇಲೆ: ಒಂದು ಪಿಡಿಎಫ್ ಎಡಿಟರ್ ಜೊತೆ ಮೂರು ವರ್ಷ

ಮೊದಲೇ ಹೇಳಿಬಿಡುತ್ತೇನೆ, ಈ ಸಾಫ್ಟ್‌ವೇರ್ ಹೆಸರು ಹಾಕುವುದಿಲ್ಲ. ಆದ ನಷ್ಟದಲ್ಲಿ ಅರ್ಧ ತಪ್ಪು ಅದರದು, ಅರ್ಧ ನನ್ನದು. ಅಲ್ಲದೆ ಬೇರೆ ಎರಡು ಎಡಿಟರ್‌ಗಳ ಟ್ರಯಲ್ ಹಾಕಿ ನೋಡಿದಾಗಲೂ ತಿದ್ದಿದರೆ ಕನ್ನಡ ಅಕ್ಷರ ಒಡೆಯುವ ಇದೇ ರೋಗ ಕಂಡಿತು. ವರ್ಷಕ್ಕೊಮ್ಮೆ ದುಡ್ಡು ಕಟ್ಟಿ ವಿಂಡೋಸ್‌ನಲ್ಲಿ ಬಳಸುವ, ತೀರಾ ದುಬಾರಿಯಲ್ಲದ ಒಂದು ಪಿಡಿಎಫ್ ಎಡಿಟರ್. ಅಷ್ಟು ಗೊತ್ತಿದ್ದರೆ ಸಾಕು.

ಹನುಮಂತನಗರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಿಷನ್. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡ್, ಬಾಡಿಗೆ ಕರಾರು, ಅಪಾರ್ಟ್‌ಮೆಂಟ್ ಸಂಘದ ನೋಟಿಸ್, ನವೆಂಬರ್ ಬಂದರೆ ರಾಜ್ಯೋತ್ಸವದ ಕರಪತ್ರ. ಮುಂಚೆ ಜನ ಕೈಬರಹದ ಚೀಟಿ ತರುತ್ತಿದ್ದರು. ಈಗ ವಾಟ್ಸಾಪ್‌ನಲ್ಲಿ ಪಿಡಿಎಫ್ ಕಳಿಸಿ, "ಒಂದೇ ಒಂದು ಲೈನ್ ಚೇಂಜ್ ಇದೆ ಅಷ್ಟೇ" ಅನ್ನುತ್ತಾರೆ. ಆ ಒಂದು ಲೈನಿಗಾಗಿಯೇ ಈ ಎಡಿಟರ್ ತಗೊಂಡೆ.

ಮೊದಲ ಎರಡು ತಿಂಗಳು ಇಂಗ್ಲಿಷ್ ಕೆಲಸವೇ ಜಾಸ್ತಿ ಇತ್ತು. ರೆಸ್ಯೂಮೆಯಲ್ಲಿ ಫೋನ್ ನಂಬರ್ ಬದಲಿಸುವುದು, ಕೊಟೇಶನ್‌ನಲ್ಲಿ ತಾರೀಖು ತಿದ್ದುವುದು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಆಗಿಹೋಗುತ್ತಿತ್ತು. ಮೂರನೇ ತಿಂಗಳಲ್ಲಿ ರಾಯರು ಬಂದರು.

ರಾಯರು ಬ್ಯಾಂಕಿನಿಂದ ರಿಟೈರ್ ಆದವರು, ನಮ್ಮ ರಸ್ತೆಯವರೇ. ಮಗಳ ಮದುವೆ. ಕಾರ್ಡ್ ಡಿಸೈನ್ ಮಾಡಿಸಿದ್ದು ಗಂಡಿನ ಕಡೆಯವರು, ರಾಯರ ಕೈಗೆ ಬಂದದ್ದು ಬರೀ ಪಿಡಿಎಫ್. ಪುರೋಹಿತರು ಲಗ್ನದ ಹೊತ್ತನ್ನು ಸ್ವಲ್ಪ ಮುಂದಕ್ಕೆ ಹಾಕಿದ್ದರು. "10.15 ಅಂತ ಇರೋದನ್ನ 10.40 ಮಾಡಮ್ಮ, ಅಷ್ಟೇ" ಅಂದರು. ಕರ್ಸರ್ ಇಟ್ಟು 15 ಅಳಿಸಿದೆ, 4 ಒತ್ತಿದೆ. 4 ಬರಲಿಲ್ಲ. ಅದರ ಜಾಗದಲ್ಲಿ ಒಂದು ಖಾಲಿ ಚೌಕ ಬಂತು. ಮೇಲಿನ ಪಟ್ಟಿಯಿಂದ ಬೇರೊಂದು ಕನ್ನಡ ಫಾಂಟ್ ಆರಿಸಿದೆ. ಈಗ 4 ಬಂತು. ಅಂಕಿ ಸರಿ ಇದೆಯಾ ಅಂತ ಎರಡು ಸಲ ನೋಡಿದೆ. ರಾಯರೂ ನೋಡಿದರು. ನಾನ್ನೂರು ಕಾರ್ಡ್ ಪ್ರೆಸ್ಸಿನಿಂದ ನೇರ ಅವರ ಮನೆಗೆ ಹೋಯಿತು.

ಮಾರನೇ ದಿನ ನಾನು ಶಟರ್ ಎತ್ತುವ ಮೊದಲೇ ರಾಯರು ಅಂಗಡಿ ಮುಂದೆ ನಿಂತಿದ್ದರು. ಬೈಯಲಿಲ್ಲ. ಕನ್ನಡಕ ಹಣೆಗೇರಿಸಿ ಕಾರ್ಡನ್ನು ನನ್ನ ಮುಖದ ಮುಂದೆ ಹಿಡಿದರು. "ಏನಮ್ಮಾ, ಮುಹೂರ್ತಾನೇ ಒಡೆದುಬಿಟ್ಟಿದ್ದೀಯಲ್ಲ?"

ನಿಜ. ಆ ಸಾಲಿನಲ್ಲಿದ್ದ 'ಮುಹೂರ್ತ' ಹೋಗಿ 'ಮುಹೂರ್‌ತ' ಆಗಿತ್ತು. 'ಲಗ್ನದಲ್ಲಿ' ಅನ್ನುವುದು 'ಲಗ್‌ನದಲ್‌ಲಿ' ಆಗಿತ್ತು. ನಾನು ಮುಟ್ಟಿದ್ದು ಎರಡು ಅಂಕಿ, ಎಡಿಟರ್ ಮುಟ್ಟಿದ್ದು ಇಡೀ ಸಾಲು. ನಾನ್ನೂರು ಕಾರ್ಡನ್ನು ನನ್ನ ಖರ್ಚಿನಲ್ಲೇ ಮತ್ತೆ ಹಾಕಿಸಿಕೊಟ್ಟೆ.

ಆವತ್ತು ರಾತ್ರಿ ಕೂತು ಫೈಲನ್ನು ಕೆದಕಿದೆ. ಡಾಕ್ಯುಮೆಂಟ್ ಪ್ರಾಪರ್ಟೀಸ್ ಒಳಗೆ ಫಾಂಟ್ಸ್ ಅಂತ ಒಂದು ಟ್ಯಾಬ್ ಇರುತ್ತದೆ. ಅದಕ್ಕೆ ದುಡ್ಡು ಕೊಟ್ಟ ಎಡಿಟರೇ ಬೇಕಿಲ್ಲ, ಉಚಿತ ರೀಡರ್‌ಗಳಲ್ಲೂ ಸಿಗುತ್ತದೆ. ಅಲ್ಲಿ ಫಾಂಟ್ ಹೆಸರಿನ ಪಕ್ಕ 'ಎಂಬೆಡೆಡ್ ಸಬ್‌ಸೆಟ್' ಅಂತ ಬರೆದಿತ್ತು. ಪಿಡಿಎಫ್‌ಫಾಂಟ್ಸ್ ಅನ್ನುವ ಪುಟ್ಟ ಕಮಾಂಡ್ ಓಡಿಸಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಫಾಂಟ್ ಹೆಸರಿಗೂ ಮುಂಚೆ ಅರ್ಥವಿಲ್ಲದ ಆರು ದೊಡ್ಡ ಇಂಗ್ಲಿಷ್ ಅಕ್ಷರ, ಆಮೇಲೆ ಒಂದು ಪ್ಲಸ್ ಗುರುತು. ಆ ಆರಕ್ಷರ ಕಂಡರೆ ಫೈಲಿನಲ್ಲಿ ಪೂರ್ತಿ ಫಾಂಟ್ ಇಲ್ಲ, ಬಳಸಿದ ಅಕ್ಷರಗಳು ಮಾತ್ರ ಇವೆ ಅಂತ ಅರ್ಥ. ರಾಯರ ಕಾರ್ಡಿನ ಆ ದಪ್ಪಕ್ಷರದ ಫಾಂಟಿನಲ್ಲಿ 4 ಎಲ್ಲೂ ಬಂದಿರಲಿಲ್ಲ. ಇಲ್ಲದ ಅಂಕಿಯನ್ನು ಅದು ಎಲ್ಲಿಂದ ತಂದೀತು?

ಅಪ್ಪನಿಗೆ ಹೇಳಿದೆ. ಅವರು ಕಾಟನ್‌ಪೇಟೆಯ ಒಂದು ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಮೊಳೆ (ಅಚ್ಚಿನ ಸೀಸದ ಅಕ್ಷರ) ಜೋಡಿಸಿದವರು, ಕಂಪ್ಯೂಟರ್ ಮುಟ್ಟಿದವರಲ್ಲ. "ಅಂದ್ರೆ ಕಟ್ಟಿದ ಪುಟ ಕಳಿಸಿದ್ದಾರೆ, ಮೊಳೆ ಪೆಟ್ಟಿಗೆ ಕಳಿಸಿಲ್ಲ" ಅಂದರು. ನಾನು ಒಂದು ರಾತ್ರಿ ಓದಿ ತಿಳಿದದ್ದನ್ನು ಒಂದೇ ಮಾತಿನಲ್ಲಿ ಮುಗಿಸಿದರು.

ಅರ್ಕಾವತ್ತಿನ ಕಥೆ ಬೇರೆ. ನಾವು 'ರ್ತ' ಟೈಪ್ ಮಾಡಿದಾಗ ಕಂಪ್ಯೂಟರ್ ಇಟ್ಟುಕೊಳ್ಳುವುದು ರ, ಹಲಂತ (ಅಕ್ಷರದ ಸ್ವರ ತೆಗೆಯುವ ಗುರುತು), ತ ಅಂತ ಮೂರು ಸಂಕೇತ. ಅದನ್ನು ತಕಾರವಾಗಿಸಿ ಪಕ್ಕಕ್ಕೆ ಅರ್ಕಾವತ್ತು ಕೂರಿಸುವುದಕ್ಕೆ ಫಾಂಟಿನೊಳಗೆ ನಿಯಮಗಳಿರುತ್ತವೆ. ಆ ನಿಯಮ ಓದಿ ನಡೆಸಲು ಹಾರ್ಫ್‌ಬಜ್‌ನಂಥ ಒಂದು ಶೇಪಿಂಗ್ ಎಂಜಿನ್ ಬೇಕು. ಪಿಡಿಎಫ್ ಆಗುವ ಹೊತ್ತಿಗೆ ಈ ಕೆಲಸ ಮುಗಿದಿರುತ್ತದೆ. ಫೈಲಿನೊಳಗೆ ಉಳಿಯುವುದು ಯಾವ ಆಕಾರ, ಯಾವ ಜಾಗ ಅನ್ನುವುದಷ್ಟೇ. ತಿದ್ದಬೇಕಾದರೆ ಎಡಿಟರ್ ಆಕಾರದಿಂದ ಹಿಂದಕ್ಕೆ ಹೋಗಿ ಮೂರು ಸಂಕೇತ ಹುಡುಕಬೇಕು, ಮತ್ತೆ ಮುಂದಕ್ಕೆ ಬಂದು ಜೋಡಿಸಬೇಕು. ಇಂಗ್ಲಿಷ್‌ಗೆ ಈ ಓಡಾಟ ಹೆಚ್ಚುಕಡಿಮೆ ಬೇಕೇ ಇಲ್ಲ. ನನ್ನ ಎಡಿಟರ್ ಇಂಗ್ಲಿಷ್ ರೂಢಿಯಲ್ಲೇ ಕನ್ನಡವನ್ನೂ ಒಂದೊಂದೇ ಅಕ್ಷರವಾಗಿ ಸಾಲಿಗೆ ನಿಲ್ಲಿಸಿತ್ತು. 1993ರಲ್ಲಿ ಅಡೋಬಿ ಪಿಡಿಎಫ್ ತಂದದ್ದೇ ಯಾವ ಯಂತ್ರದಲ್ಲಿ ತೆರೆದರೂ ಪುಟ ಒಂದೇ ಥರ ಕಾಣಲಿ ಅಂತ. ತಿದ್ದುವುದು ಆಮೇಲೆ ಬಂದ ಆಸೆ.

ಹೆಲ್ಪ್‌ಡೆಸ್ಕಿಗೆ ಬರೆದೆ. ಮೊದಲ ಉತ್ತರ: ರೀಇನ್‌ಸ್ಟಾಲ್ ಮಾಡಿ. ಎರಡನೆಯದು: ಫೈಲಿನಲ್ಲಿರುವ ಫಾಂಟನ್ನು ನಿಮ್ಮ ಕಂಪ್ಯೂಟರಿಗೆ ಹಾಕಿಕೊಳ್ಳಿ. ಎರಡನೆಯದು ಅರ್ಧ ಕೆಲಸ ಮಾಡಿತು. ಪೂರ್ತಿ ಫಾಂಟ್ ಹಾಕಿದ ಮೇಲೆ ಚೌಕಗಳು ಹೋದವು. ನಾನು ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ ಎರಡನ್ನೂ ಇಳಿಸಿಕೊಂಡೆ, ಎರಡೂ ಉಚಿತ. ಅಂದಹಾಗೆ ಆ ಖಾಲಿ ಚೌಕಕ್ಕೆ ತೋಫು (ಸೋಯಾ ಪನೀರ್) ಅಂತ ಅಡ್ಡಹೆಸರು, ನೋಟೋ ಅನ್ನುವುದು 'ತೋಫು ಬೇಡ' ಅನ್ನುವುದರಿಂದ ಹುಟ್ಟಿದ ಹೆಸರು. ನಮ್ಮೂರಲ್ಲಿ ಹುಟ್ಟಿದ್ದರೆ ಮೈಸೂರುಪಾಕ್ ಅನ್ನುತ್ತಿದ್ದರೇನೋ. ಇರಲಿ. ಚೌಕ ಹೋದರೂ ಒತ್ತಕ್ಷರ ಒಡೆಯುವುದು ನಿಲ್ಲಲಿಲ್ಲ. ಮೂರನೇ ಉತ್ತರ ಇವತ್ತಿಗೂ ಬಂದಿಲ್ಲ.

ಎರಡನೇ ವರ್ಷದ ಒಂದು ಅಪ್‌ಡೇಟ್ ಆದ ಮೇಲೆ ಸ್ವಲ್ಪ ಸುಧಾರಿಸಿತು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಈಗ ಹೊಸ ಟೆಕ್ಸ್ಟ್ ಬಾಕ್ಸ್ ಹಾಕಿ ಕನ್ನಡ ಟೈಪ್ ಮಾಡಿದರೆ ಒತ್ತು, ಗುಣಿತ, ಅರ್ಕಾವತ್ತು ಎಲ್ಲ ಸರಿಯಾಗಿ ಕೂರುತ್ತವೆ. ಹಳೇ ಸಾಲಿನೊಳಗೆ ಕರ್ಸರ್ ಇಟ್ಟರೆ ಮಾತ್ರ ಅದೇ ಹಳೇ ಹಾಡು. ಹಾಗಾಗಿ ನಮ್ಮ ಅಂಗಡಿಯಲ್ಲಿ ಈಗ ಒಂದು ಕಟ್ಟಪ್ಪಣೆ: ಕನ್ನಡ ಸಾಲಿನೊಳಗೆ ಕೈ ಹಾಕಬೇಡ. ಇಡೀ ಸಾಲು ಅಳಿಸು, ಹೊಸ ಬಾಕ್ಸ್ ಹಾಕು, ಮೊದಲಿಂದ ಟೈಪ್ ಮಾಡು.

ಹೊಸ ಬಾಕ್ಸಿನಲ್ಲೂ ಒಂದು ಕಿರಿಕಿರಿ ಉಳಿದಿದೆ. ಬೆಂಗಳೂರಿನ ಕನ್ನಡದಲ್ಲಿ ಇಂಗ್ಲಿಷ್ ಪದ ಇಲ್ಲದ ನೋಟಿಸ್ ಎಲ್ಲಿದೆ ಹೇಳಿ. ಅಪಾರ್ಟ್‌ಮೆಂಟ್, ಬ್ಲಾಕ್‌ಗಳು, ಪಾರ್ಕಿಂಗ್‌ನಲ್ಲಿ. ಇಂಥ ಪದಗಳ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಮುಂದಿನ ಅಕ್ಷರವನ್ನು ಒತ್ತು ಮಾಡಬೇಡ ಅಂತ ಹೇಳುವುದು ಅದರ ಕೆಲಸ. ಬೇರೆ ಕಡೆಯಿಂದ ಕಾಪಿ ಮಾಡಿ ಇಲ್ಲಿ ಪೇಸ್ಟ್ ಮಾಡಿದರೆ ಈ ಎಡಿಟರ್ ಆ ಗುರುತನ್ನು ನುಂಗಿಹಾಕುತ್ತದೆ. 'ಅಪಾರ್ಟ್‌ಮೆಂಟ್' ಹೋಗಿ 'ಅಪಾರ್ಟ್ಮೆಂಟ್', 'ಬ್ಲಾಕ್‌ಗಳು' ಹೋಗಿ 'ಬ್ಲಾಕ್ಗಳು'. 'ರ‍್ಯಾಲಿ' ಅಂತ ಬರೆದದ್ದು (ಅದರಲ್ಲಿರುವುದು ಕಣ್ಣಿಗೆ ಕಾಣದ ಇನ್ನೊಂದು ಗುರುತು) 'ರ್ಯಾಲಿ' ಆಗುತ್ತದೆ. ಓದಲು ಬರುತ್ತದೆ, ಯಾರೂ ದೂರಿಲ್ಲ. ನನಗೆ ಮಾತ್ರ ಊಟದಲ್ಲಿ ಕಲ್ಲು ಸಿಕ್ಕ ಹಾಗೆ.

ಇನ್ನು ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫೈಲ್‌ಗಳು. ಸಹಕಾರ ಸಂಘದ ಬೈಲಾ, ಹಳೇ ಸ್ಮರಣ ಸಂಚಿಕೆ, ದೇವಸ್ಥಾನದ ಟ್ರಸ್ಟ್ ಪತ್ರ, ಹೀಗೆ ತಿಂಗಳಿಗೆ ಮೂರ್ನಾಲ್ಕಾದರೂ ಬರುತ್ತವೆ. ಪರದೆ ಮೇಲೆ ಮುತ್ತಿನಂಥ ಕನ್ನಡ. ಕಾಪಿ ಮಾಡಿ ಪೇಸ್ಟ್ ಮಾಡಿದರೆ ಬೇರೆಯೇ ಅವತಾರ. 'ಕನ್ನಡ' ಅನ್ನುವ ಮೂರಕ್ಷರ ಹೀಗೆ ಬರುತ್ತದೆ: ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಗೀಟಿರುವ ಎ, ಬ್ರಿಟನ್ ದುಡ್ಡಿನ ಪೌಂಡ್ ಗುರುತು, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಚಿಕ್ಕ ಕ್ಯೂ, ಮತ್ತೆ ಗೀಟಿನ ಎ. ಮೊದಲ ಸಲ ನೋಡಿದವರು ವೈರಸ್ ಬಂತು ಅಂದುಕೊಳ್ಳುತ್ತಾರೆ. ಇದು ಎಡಿಟರ್ ತಪ್ಪಲ್ಲ, ಫೈಲ್ ಕೆಟ್ಟೂ ಇಲ್ಲ. ಕಂಪ್ಯೂಟರ್‌ಗಳು ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ) ಕನ್ನಡವನ್ನು ಸರಿಯಾಗಿ ತೋರಿಸಲು ಕಲಿಯುವ ಮುಂಚೆ ಕೆಲಸ ನಿಲ್ಲಬಾರದಲ್ಲ? ಅದಕ್ಕೆ ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದರು. 1998ರಲ್ಲಿ ಬಂದ ಬರಹ ಅನ್ನುವ ಸಾಫ್ಟ್‌ವೇರ್, ಕನ್ನಡ ಗಣಕ ಪರಿಷತ್ತಿನ ನುಡಿ, ಎರಡರ ಹಳೇ ಫಾಂಟ್‌ಗಳೂ ಈ ಥರದವೇ. ನನ್ನ ಹೊಟ್ಟೆಪಾಡು ಶುರುವಾದದ್ದೇ ನುಡಿಯಿಂದ, ಅದರ ಮೇಲೆ ನನಗೆ ಸಿಟ್ಟಿಲ್ಲ.

ಇಂಥ ಫೈಲನ್ನು ತಿದ್ದಬೇಕಾದರೆ ನಿಮ್ಮಲ್ಲೂ ಅದೇ ನುಡಿ ಫಾಂಟ್ ಇರಬೇಕು, ಕೀಬೋರ್ಡನ್ನೂ ಯೂನಿಕೋಡ್ ಬಿಟ್ಟು ಹಳೇ ಮೋಡ್‌ಗೆ ಹಾಕಬೇಕು. ಯೂನಿಕೋಡ್ ಕೀಬೋರ್ಡಿನಲ್ಲಿ ಒತ್ತಿದರೆ ಅದೇ ಸಾಲಿನಲ್ಲಿ ಎರಡು ಥರದ ಕನ್ನಡ ಸೇರಿ ಕಲಸುಮೇಲೋಗರ. ತಿದ್ದುವುದು ಜಾಸ್ತಿ ಇದ್ದರೆ ನಾನು ಪಠ್ಯವನ್ನೆಲ್ಲ ಹೊರಗೆ ತೆಗೆದು, ಆಸ್ಕಿಯಿಂದ (ಈ ಹಳೇ ಪದ್ಧತಿಗೆ ರೂಢಿಯ ಹೆಸರು) ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರಿಗೆ ಹಾಕಿ, ಹೊಸದಾಗಿ ಪುಟ ಕಟ್ಟುತ್ತೇನೆ. ಕನ್ವರ್ಟ್ ಆದ ಮೇಲೆ ಅರ್ಕಾವತ್ತು, ದೀರ್ಘಗಳನ್ನು ಕಣ್ಣಿಟ್ಟು ನೋಡಬೇಕು, ಎಡವಟ್ಟಾಗುವುದು ಅಲ್ಲೇ.

ಹಾಗಂತ ಯೂನಿಕೋಡ್ ಪಿಡಿಎಫ್ ಆದರೆ ಕಾಪಿ ಸರಿಯಾಗಿ ಬರುತ್ತದೆ ಅಂತಲೂ ಇಲ್ಲ. ಯಾವ ಆಕಾರ ಯಾವ ಅಕ್ಷರ ಅಂತ ಹೇಳುವ ಒಂದು ಪಟ್ಟಿ ಫೈಲಿನೊಳಗೆ ಇರಬೇಕು. ಅದು ಇಲ್ಲದಿದ್ದರೆ, ಅಥವಾ ಅರೆಬರೆ ಇದ್ದರೆ, ಕಣ್ಣಿಗೆ ಸರಿ ಕಂಡದ್ದು ಕಾಪಿಯಲ್ಲಿ ಒತ್ತು ಕಳೆದುಕೊಂಡು ಬರುತ್ತದೆ. ನಾನೀಗ ಯಾವ ಫೈಲ್ ಬಂದರೂ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿನಲ್ಲಿ ಹಾಕಿ ನೋಡಿಯೇ ರೇಟ್ ಹೇಳುವುದು. ಸರಿಯಾಗಿ ಬಂದರೆ ಒಂದು ರೇಟ್, ಕಲಸಿಕೊಂಡು ಬಂದರೆ ಪೂರ್ತಿ ಟೈಪಿಂಗ್ ರೇಟ್.

ಒಂದು ಎಚ್ಚರಿಕೆ ಹೇಳಲೇಬೇಕು. ಹಳೇ ಸಾಲು ಅಳಿಸಲು ಬೇಜಾರಾಗಿ ಅದರ ಮೇಲೆ ಬಿಳಿ ಪಟ್ಟಿ ಹಾಕಿ, ಪಟ್ಟಿ ಮೇಲೆ ಹೊಸದು ಬರೆಯುವ ಅಭ್ಯಾಸ ಬಹಳ ಜನಕ್ಕಿದೆ. ನಮ್ಮ ಅಂಗಡಿ ಹುಡುಗನೂ ಮಾಡುತ್ತಿದ್ದ. ಒಂದು ಬಾಡಿಗೆ ಕರಾರನ್ನು ಹಾಗೆ ಮಾಡಿ ಕಳಿಸಿದ. ಹೊಸ ಬಾಡಿಗೆದಾರರು ಅದನ್ನು ಫೋನಿನಲ್ಲಿ ಕಾಪಿ ಮಾಡಿದಾಗ ಹಿಂದಿನವರು ಕೊಡುತ್ತಿದ್ದ ಬಾಡಿಗೆ, ಅಡ್ವಾನ್ಸು ಎರಡೂ ಹೊರಬಂತು. ಮನೆ ಓನರ್ ಅಂಗಡಿಗೆ ಬಂದು ಮಾತಾಡಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಪಟ್ಟಿ ಹಾಕಿದರೆ ಅಡಿಯಲ್ಲಿರುವುದು ಅಳಿಯುವುದಿಲ್ಲ, ಮುಚ್ಚಿರುತ್ತದೆ ಅಷ್ಟೇ.

ಪ್ರಿಂಟಿಗೆ ಕೊಡುವಾಗ ಆಫ್‌ಸೆಟ್‌ನವರು ಹೇಳುವ ಮಾತು ಒಂದೇ, "ಕರ್ವ್ಸ್ ಮಾಡಿ ಕಳಿಸಿ". ಅಕ್ಷರವನ್ನು ಗೆರೆಯ ಚಿತ್ರವಾಗಿಸಿಬಿಟ್ಟರೆ ಯಾವ ಪ್ರೆಸ್ಸಿನಲ್ಲೂ ಫಾಂಟ್ ಕೈಕೊಡುವುದಿಲ್ಲ. ಆದರೆ ಆಮೇಲೆ ತಿದ್ದಲೂ ಆಗುವುದಿಲ್ಲ, ಹುಡುಕಲೂ ಆಗುವುದಿಲ್ಲ. ಅದಕ್ಕೇ ಮೂಲ ಫೈಲ್ ಬೇರೆ ಇಟ್ಟುಕೊಳ್ಳಬೇಕು. ಕಾರ್ಡ್ ಬಿಟ್ಟು ಉಳಿದ ಕಾಗದಪತ್ರಕ್ಕೆ ನಾನು ಲಿಬ್ರೆಆಫೀಸ್ (ವರ್ಡ್ ಥರದ ಸಾಫ್ಟ್‌ವೇರ್) ಹಿಡಿದಿದ್ದೇನೆ. ಅದರಲ್ಲಿ ಪಿಡಿಎಫ್ ಎಕ್ಸ್‌ಪೋರ್ಟ್ ಮಾಡುವಾಗ ಹೈಬ್ರಿಡ್ ಪಿಡಿಎಫ್ ಅನ್ನುವ ಒಂದು ಚೆಕ್‌ಬಾಕ್ಸ್ ಇದೆ. ಟಿಕ್ ಹಾಕಿದರೆ ಮೂಲ ದಾಖಲೆ ಪಿಡಿಎಫ್ ಹೊಟ್ಟೆಯೊಳಗೇ ಕೂರುತ್ತದೆ. ಗಿರಾಕಿ ಆರು ತಿಂಗಳು ಬಿಟ್ಟು ಅದೇ ಪಿಡಿಎಫ್ ತಂದರೂ ಲಿಬ್ರೆಆಫೀಸ್‌ನಲ್ಲಿ ತೆರೆದು ಮಾಮೂಲಿಯಂತೆ ತಿದ್ದಬಹುದು. ಇದು ಉಚಿತ. ದುಡ್ಡು ಕೊಟ್ಟು ತಂದ ಎಡಿಟರ್‌ಗಿಂತ ನನ್ನ ಕನ್ನಡ ತಲೆನೋವು ಕಡಿಮೆ ಮಾಡಿದ್ದು ಈ ಒಂದು ಟಿಕ್.

ಹಾಗಾದರೆ ಈ ಎಡಿಟರ್ ಯಾಕೆ ಇಟ್ಟುಕೊಂಡಿದ್ದೀಯ ಅಂತ ಕೇಳಬಹುದು. ಪುಟ ಸೇರಿಸಲು, ಬೇರೆ ಮಾಡಲು, ತಿರುಗಿಸಲು, ಸೈಜ್ ಇಳಿಸಲು, ಸೀಲು ಸಹಿ ಹಾಕಲು ಇದರಷ್ಟು ಚುರುಕಾದದ್ದು ನಾನು ನೋಡಿಲ್ಲ. ಇನ್ನೂರು ಪುಟದ ಸ್ಕ್ಯಾನ್ ಹಾಕಿದರೂ ಕುಂಟುವುದಿಲ್ಲ. ಇಂಗ್ಲಿಷ್ ತಿದ್ದುಪಡಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಕನ್ನಡಕ್ಕೆ ಒಂದೂವರೆ, ಅದೂ ಹೊಸ ಬಾಕ್ಸಿನ ಮುಲಾಜಿಗೆ. ಕೊಳ್ಳುವ ಮುಂಚೆ ಟ್ರಯಲ್ ಹಾಕಿ, ನಿಮ್ಮದೇ ಒಂದು ಕನ್ನಡ ಪಿಡಿಎಫ್ ತೆರೆದು, ಅರ್ಕಾವತ್ತು ಇರುವ ಸಾಲಿನಲ್ಲಿ ಒಂದು ಅಕ್ಷರ ಬದಲಿಸಿ ನೋಡಿ. ಎರಡು ನಿಮಿಷದ ಕೆಲಸ.

ಮಾರ್ಚ್‌ನಲ್ಲಿ ರಿನ್ಯೂವಲ್ ಇದೆ, ಕಟ್ಟುತ್ತೇನೆ. ರಾಯರು ಈಗ ಮಗನ ಉಪನಯನದ ಕಾರ್ಡಿಗೆ ಬಂದಿದ್ದಾರೆ. ಈ ಸಲ ಪಿಡಿಎಫ್ ಬೇಡ ಅಂದೆ. ಬಿಳಿ ಹಾಳೆಯಲ್ಲಿ ಕೈಯಲ್ಲೇ ಬರೆದು ತಂದಿದ್ದಾರೆ, 'ಮುಹೂರ್ತ' ಅನ್ನುವುದರ ಕೆಳಗೆ ಎರಡು ಗೆರೆ ಎಳೆದು.