ದಿಮ್ಮಿ ಗೂಡು, ಕವೆಗಂಬದ ಗುಡಿಸಲು, ಬಿದಿರ ಚಪ್ಪರ: ಮಲೆನಾಡ ಮಳೆಗೆ ಯಾವುದು ತಡೆಯುತ್ತೆ?

ಇದು ವಿಡಿಯೋ ನೋಡಿ ನೋಡಿ ತಲೆಗೆ ಹತ್ತಿದ ಹುಚ್ಚು. ಯಾವನೋ ಒಬ್ಬ ಹಿಮ ಬೀಳುವ ಕಾಡಿನಲ್ಲಿ ಕೊಡಲಿ, ಗರಗಸ ಎರಡೇ ಇಟ್ಟುಕೊಂಡು ಪೈನ್ ದಿಮ್ಮಿ ಒಂದರ ಮೇಲೊಂದು ಪೇರಿಸಿ ಮನೆ ಕಟ್ಟುತ್ತಾನೆ, ಒಳಗೆ ಕೂತು ಕಾಫಿ ಕಾಯಿಸುತ್ತಾನೆ. ಕಾಫಿ ಬೆಳೆಯುವವರು ನಾವು, ಮರವೂ ನಮ್ಮಲ್ಲಿದೆ, ನಾವ್ಯಾಕೆ ಮಾಡಬಾರದು ಅಂತ ನಾನು ಮತ್ತು ಚಿಕ್ಕಪ್ಪನ ಮಗ ಶುರು ಮಾಡಿದೆವು. ಜಾಗ ಮೂಡಿಗೆರೆ ತಾಲೂಕಿನ ಕೊಟ್ಟಿಗೆಹಾರದ ಕಡೆ, ಚಿಕ್ಕಪ್ಪನ ತೋಟದ ಮೇಲಂಚು. ಒಂದೇ ಥರ ಕಟ್ಟಿ ಸುಮ್ಮನಾಗಲಿಲ್ಲ. ಮೂರು ಥರ ಕಟ್ಟಿದೆವು, ಮೂರಕ್ಕೂ ಮುಂಗಾರು ತಾಗಿದೆ. ಮೋಟಾರ್ ಗರಗಸ ಮುಟ್ಟಿಲ್ಲ, ಎಲ್ಲ ಕೈ ಕೆಲಸ.

ಮೊದಲು ಒಂದು ವಿಷಯ. 'ಕಾಡಿನಲ್ಲಿ ಮನೆ' ಅಂದರೆ ನಿಜವಾದ ಕಾಡಿಗೆ ನುಗ್ಗಿ ಕಡಿಯುವುದಲ್ಲ. ಮೀಸಲು ಅರಣ್ಯದಲ್ಲಿ, ಭದ್ರಾ, ಕುದುರೆಮುಖದಂಥ ಕಡೆ ಒಂದು ಕೊಂಬೆ ಕಡಿದರೂ ಕೇಸು. ಸ್ವಂತ ತೋಟದಲ್ಲೂ ಎಲ್ಲ ಮರಕ್ಕೂ ಕೊಡಲಿ ಹಾಕುವ ಹಾಗಿಲ್ಲ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್, ನೀಲಗಿರಿ, ಗಾಳಿ ಮರಗಳಿಗೆ ಕಡಿಯುವ ಅನುಮತಿಯಿಂದ ವಿನಾಯಿತಿ ಇದೆ. ಬೀಟೆ, ಹೊನ್ನೆ, ತೇಗ ಅಂದರೆ ಕಥೆಯೇ ಬೇರೆ. ಅನುಮಾನ ಇದ್ದರೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿಕೊಂಡೇ ಕೈ ಹಾಕಿ. ನಾವು ಬಳಸಿದ್ದು ಮರಗಸಿ (ತೋಟದ ನೆರಳು ಮರಗಳನ್ನು ಸವರುವ ಕೆಲಸ) ಹೊತ್ತಿನಲ್ಲಿ ತೆಗೆದ ಸಿಲ್ವರ್ ಓಕ್, ಹಳೇ ಕೊಟ್ಟಿಗೆ ಕೆಡವಿದಾಗ ಸಿಕ್ಕ ಹಲಸಿನ ಕವೆಗಳು ಮತ್ತು ತೋಟದ್ದೇ ಬಿದಿರು.

ದಿಮ್ಮಿ ಪೇರಿಸಿದ್ದರಿಂದ ಶುರು ಮಾಡುತ್ತೇನೆ, ಎಲ್ಲರೂ ಕೇಳುವುದು ಅದನ್ನೇ.

ಒಳಗೆ ಎಂಟಡಿ ಉದ್ದ, ಎಂಟಡಿ ಅಗಲ. ಮೂಲೆಯಲ್ಲಿ ಒಂದೊಂದಡಿ ಹೊರಗೆ ಚಾಚಬೇಕು, ಹಾಗಾಗಿ ದಿಮ್ಮಿ ಹತ್ತಡಿ ಬೇಕು. ಎಂಟು ಇಂಚು ದಪ್ಪದ ದಿಮ್ಮಿಯಾದರೆ ಆರಡಿ ಗೋಡೆಗೆ ಒಂಬತ್ತು ಸುತ್ತು, ಅಂದರೆ 36 ದಿಮ್ಮಿ. ಕೇಳಲು ಸುಲಭ. ಹಸಿ ಸಿಲ್ವರ್ ಓಕ್ ದಿಮ್ಮಿ ಒಂದೊಂದೂ 80 ಕೆಜಿ ಆಸುಪಾಸು ತೂಗುತ್ತೆ ಅನ್ನುವುದು ಎತ್ತಲು ಹೋದಾಗಲೇ ಗೊತ್ತಾಗೋದು. ನಾಲ್ಕನೇ ಸುತ್ತಿನಿಂದ ಮೇಲೆ ಕೈಯಲ್ಲಿ ಎತ್ತುವ ಮಾತೇ ಇಲ್ಲ. ಗೋಡೆಗೆ ಎರಡು ಗಳ ಓರೆಯಾಗಿ ಒರಗಿಸಿ, ಹಗ್ಗದ ಒಂದು ತುದಿ ಮೇಲೆ ಕಟ್ಟಿ, ಇನ್ನೊಂದು ತುದಿಯನ್ನು ದಿಮ್ಮಿಯ ಅಡಿಯಿಂದ ಸುತ್ತಿ ತಂದು ಮೇಲೆ ನಿಂತು ಎಳೆದರೆ ದಿಮ್ಮಿ ಉರುಳಿಕೊಂಡು ಹತ್ತುತ್ತೆ, ಕೈಗೆ ಅರ್ಧ ಭಾರವಷ್ಟೇ ಬೀಳುತ್ತೆ. ಇಬ್ಬರಿದ್ದರೆ ಸಾಕು. ಆದರೆ ಉರುಳುವ ದಿಮ್ಮಿಯ ಕೆಳಗೆ ಯಾರೂ ನಿಲ್ಲಬಾರದು.

ಇದರ ಜೀವ ಇರುವುದು ಮೂಲೆಯ ಕಚ್ಚಿನಲ್ಲಿ, ಅಂದರೆ ಒಂದು ದಿಮ್ಮಿ ಇನ್ನೊಂದರ ಮೇಲೆ ಕೂರಲು ಕೊರೆಯುವ ತಗ್ಗಿನಲ್ಲಿ. ಮೇಲಿನ ದಿಮ್ಮಿಯನ್ನು ಅದರ ಜಾಗದಲ್ಲೇ ಕೂರಿಸಿ, ಕೈವಾರದ ಒಂದು ಕಾಲನ್ನು ಕೆಳಗಿನ ದಿಮ್ಮಿಯ ಮೈ ಮೇಲೆ ಓಡಿಸಿದರೆ, ಇನ್ನೊಂದು ಕಾಲಿನ ಪೆನ್ಸಿಲ್ ಅದೇ ಬಾಗನ್ನು ಮೇಲಿನದರ ಮೇಲೆ ಬರೆಯುತ್ತೆ. ಆಮೇಲೆ ದಿಮ್ಮಿ ಮಗುಚಿ, ಗೆರೆಯವರೆಗೆ ಇಂಚಿಗೊಂದು ಗರಗಸದ ಕೊಯ್ತ ಹಾಕಿ, ಉಳಿ ಕೊಡತಿಯಲ್ಲಿ ತುಂಡುಗಳನ್ನು ಉದುರಿಸಿ, ಬಾಚಿಯಲ್ಲಿ ಗುಂಡಗೆ ಕೆತ್ತಬೇಕು. ನಡುವೆ ಅಂಚಿಗಿಂತ ಸ್ವಲ್ಪ ಜಾಸ್ತಿ ಆಳ ಇರಲಿ. ಆಗ ಅಂಚು ಮಾತ್ರ ಕಚ್ಚಿ ಕೂರುತ್ತೆ, ಬೆಳಕು ಕಾಣಲ್ಲ. ಸರಿಯಾಗಿ ಕೂತಾಗ ಠಕ್ ಅಂತ ಒಂದು ಶಬ್ದ ಬರುತ್ತೆ ನೋಡಿ, ಅದಕ್ಕಾಗಿಯೇ ಇನ್ನೊಂದು ದಿಮ್ಮಿ ಕೆತ್ತೋಣ ಅನ್ನಿಸುತ್ತೆ.

ಕಚ್ಚು ಯಾವ ಕಡೆ ಇರಬೇಕು ಅನ್ನುವ ಪ್ರಶ್ನೆ ಇದೆ. ಪುಸ್ತಕದ ಪ್ರಕಾರ ಮೇಲಿನ ದಿಮ್ಮಿಯ ಹೊಟ್ಟೆಯಲ್ಲಿ. ನಾವು ಪರೀಕ್ಷೆಗೆ ಅಂತಲೇ ಒಂದು ಮೂಲೆಯಲ್ಲಿ ಮಾತ್ರ ಉಲ್ಟಾ ಮಾಡಿದೆವು, ಕೆಳಗಿನ ದಿಮ್ಮಿಯ ಬೆನ್ನಲ್ಲಿ ಕಚ್ಚು ಕೊರೆದೆವು. ಕೆತ್ತುವುದಕ್ಕೆ ಇದು ತುಂಬಾ ಸುಲಭ, ದಿಮ್ಮಿ ಮಗುಚುವ ಕೆಲಸವೇ ಇಲ್ಲ. ಮಳೆಗಾಲ ಮುಗಿದ ಮೇಲೆ ನೋಡಿದರೆ ಮೂರು ಮೂಲೆ ಬರೀ ಬೂದು ಬಣ್ಣಕ್ಕೆ ತಿರುಗಿದ್ದವು. ನಾಲ್ಕನೆಯದು ಕಪ್ಪಾಗಿ, ಉಗುರು ಒತ್ತಿದರೆ ಒಳಗೆ ಇಳಿಯುವಷ್ಟು ಮೆತ್ತಗಾಗಿತ್ತು, ಬಿರುಕಿನಲ್ಲಿ ಸಣ್ಣ ಅಣಬೆ ಬೇರೆ. ಬಟ್ಟಲಲ್ಲಿ ನೀರು ನಿಂತ ಹಾಗೆ ಅಲ್ಲಿ ನೀರು ನಿಲ್ಲುತ್ತೆ, ಅಷ್ಟೇ. ಸುಲಭ ಅಂತ ಈ ದಾರಿ ಹಿಡಿಯಬೇಡಿ.

ಉಳಿದ ಮೂರು ಮೂಲೆ ಚೆನ್ನಾಗಿದ್ದವು ಅಂದ ಮಾತ್ರಕ್ಕೆ ಗೋಡೆ ಚೆನ್ನಾಗಿತ್ತು ಅಂತಲ್ಲ. ಹಸಿ ಮರ ಒಣಗುತ್ತಾ ಅಡ್ಡಕ್ಕೆ ಕುಗ್ಗುತ್ತೆ, ಉದ್ದಕ್ಕೆ ಅಷ್ಟಾಗಿ ಇಲ್ಲ. ಹಾಗಾಗಿ ಆರಡಿ ಗೋಡೆ ಎರಡು ಮೂರು ಇಂಚು ಕೆಳಗೆ ಇಳಿಯುತ್ತೆ. ಬಾಗಿಲ ಚೌಕಟ್ಟಿನ ಮೇಲೆ ಅಷ್ಟು ಸಂದು ಬಿಡದಿದ್ದರೆ ಇಡೀ ಗೋಡೆ ಚೌಕಟ್ಟಿನ ಮೇಲೆ ನೇತು ಬೀಳುತ್ತೆ. ದಿಮ್ಮಿ ನಡುವಿನ ಸಂದಿಗೆ ಕೆಮ್ಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿದ್ದೆವು. ಗಾಳಿ ಬೀಸುವ ಪಡುವಣ ಬದಿಯಲ್ಲಿ ಜುಲೈ ಮುಗಿಯುವ ಹೊತ್ತಿಗೆ ಅರ್ಧ ತೊಳೆದು ಹೋಗಿತ್ತು. ಸಿಲ್ವರ್ ಓಕ್ ತೊಗಟೆ ಕಡಿದ ಕೂಡಲೇ ಸುಲಿಯಿರಿ, ಒಣಗಿದ ಮೇಲೆ ಜೀವ ಹಿಂಡುತ್ತೆ. ಬಿಟ್ಟರೆ ಅದರ ಅಡಿಯಲ್ಲಿ ಹುಳ ಸಂಸಾರ ಹೂಡುತ್ತೆ. ಈ ಮರದ ರಸ, ಪುಡಿ ಕೆಲವರ ಚರ್ಮಕ್ಕೆ ಆಗಲ್ಲ, ತುರಿಕೆ ಬರುತ್ತೆ. ನನ್ನ ತಮ್ಮನಿಗೆ ಮೊಣಕೈವರೆಗೆ ದದ್ದು ಎದ್ದಿತ್ತು. ತುಂಬು ತೋಳಿನ ಅಂಗಿ ಹಾಕಿಕೊಳ್ಳಿ.

ಹಿಮಾಚಲದಲ್ಲಿ ಕಾಠ್‌ಕುಣಿ ಅಂತ ಮರ, ಕಲ್ಲು ಒಂದರ ಮೇಲೊಂದು ಪೇರಿಸಿದ ಹಳೇ ಮನೆಗಳು ಇವತ್ತಿಗೂ ನಿಂತಿವೆ, ನಮ್ಮದು ಯಾಕೆ ನಿಲ್ಲಲ್ಲ ಅಂತ ತಮ್ಮ ವಾದ ಮಾಡಿದ. ಅಲ್ಲಿ ಹಾಕುವುದು ದೇವದಾರು. ಅದರ ಎಣ್ಣೆಯಂಶಕ್ಕೆ ಹುಳ, ಬೂಷ್ಟು ಹತ್ತಿರ ಬರಲು ಹೆದರುತ್ತವೆ, ಚಳಿಯೂ ಕಾಪಾಡುತ್ತೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಒಣಗುವುದೇ ಇಲ್ಲ, ಬೆಚ್ಚಗಿನ ತೇವ ಬೇರೆ. ಸಿಲ್ವರ್ ಓಕ್ ನೆರಳಿಗೂ ಮೆಣಸು ಹಬ್ಬಿಸಲಿಕ್ಕೂ ಬಂದ ಆಸ್ಟ್ರೇಲಿಯಾ ಮರ, ಬಯಲಲ್ಲಿ ನೆನೆಯುತ್ತಾ ನಿಲ್ಲುವ ತಾಕತ್ತು ಅದಕ್ಕಿಲ್ಲ. ಬಾಚಿ ಕಡ ಕೊಟ್ಟ ಆಚಾರ್ರು ನೋಡಿ ಅಂದದ್ದು ಒಂದೇ ಮಾತು: "ಇದು ನೀರು ಕುಡಿಯೋ ಮರ ಕಣ್ರೀ. ಗೋಡೆಗೆ ಯಾಕೆ ಹಾಕ್ತೀರಿ? ಸೂರಿನಡಿ ಪಕಾಸಿಗೆ ಹಾಕಿ."

ಆದರೂ ಡಿಸೆಂಬರ್, ಜನವರಿ ರಾತ್ರಿಗೆ ಇದರಷ್ಟು ಬೆಚ್ಚಗಿನದು ಇನ್ನೊಂದಿಲ್ಲ. ಗಾಳಿ ಸದ್ದೂ ಒಳಗೆ ಬರಲ್ಲ. ಇದೇ ಗೂಡನ್ನು ಹಾಸನ ಜಿಲ್ಲೆಯ ಅರಸೀಕೆರೆ ಕಡೆ, ಮಳೆ ಕಡಿಮೆ ಇರುವಲ್ಲಿ ಕಟ್ಟಿದ್ದರೆ ಗೆದ್ದಲನ್ನು ಮಾತ್ರ ನೋಡಿಕೊಂಡರೆ ಸಾಕಿತ್ತೇನೋ.

ಎರಡನೆಯದು ಕವೆಗಂಬ. ಹೆಸರೇ ಹೇಳುವ ಹಾಗೆ ತುದಿ ಕವಲೊಡೆದ ಕಂಬ, ಅದರ ಮೇಲೆ ತೊಲೆ, ತೊಲೆ ಮೇಲೆ ಪಕಾಸಿ. ಮೂಲೆಗೆ ನಾಲ್ಕು ಕಂಬ, ನಡುತೊಲೆಗೆ ಎತ್ತರದ ಎರಡು. ಅಗಲ ಎಂಟಡಿ, ಸೂರು ಆರಡಿಗೆ, ನೆತ್ತಿ ಹತ್ತಡಿಗೆ ಬಂದರೆ ಮಾಡಿನ ಇಳಿಜಾರು 45 ಡಿಗ್ರಿ ಆಗುತ್ತೆ. ಹುಲ್ಲು ಹೊದಿಸಲು ಅಷ್ಟಾದರೂ ಬೇಕು. ದಿಮ್ಮಿ ಗೂಡಿಗೆ ಹೋದ ಮರದ ಕಾಲು ಭಾಗವೂ ಇಲ್ಲಿ ಖರ್ಚಾಗಲಿಲ್ಲ. ಇದು ಹೊಸ ವಿದ್ಯೆಯೇನಲ್ಲ, ಗದ್ದೆ ಕಾಯುವ ಗುಡಿಸಲು, ದನದ ಕೊಟ್ಟಿಗೆ ಎಲ್ಲ ಹೀಗೇ ಇದ್ದವು.

ಇಲ್ಲಿ ನಾವು ಹೋಲಿಸಿ ನೋಡಿದ್ದು ಕಂಬದ ಬುಡವನ್ನು. ಒಂದು ಬದಿಯ ಕಂಬಗಳನ್ನು ಎರಡಡಿ ಹೂತೆವು. ಬುಡವನ್ನು ಬೆಂಕಿಯಲ್ಲಿ ಕರಿಯಾಗುವಷ್ಟು ಸುಟ್ಟು, ಗುಂಡಿಗೆ ಮಣ್ಣಿನ ಬದಲು ಜಲ್ಲಿ ತುಂಬಿ, ಹಾರೆ ಬುಡದಿಂದ ಗುದ್ದಿದೆವು. ಇನ್ನೊಂದು ಬದಿಯವನ್ನು ಸೈಜುಗಲ್ಲಿನ ಮೇಲೆ ನಿಲ್ಲಿಸಿದೆವು, ನಮ್ಮ ಹಳೇ ತೊಟ್ಟಿಮನೆ ಕಂಬಗಳು ನಿಂತ ಹಾಗೆ. ಹೂತ ಕಂಬ ಮೊದಲ ದಿನದಿಂದಲೇ ಅಲ್ಲಾಡಲ್ಲ. ಕಲ್ಲಿನ ಮೇಲಿನದು ತಳ್ಳಿದರೆ ಓಲಾಡುತ್ತೆ, ಕಂಬಕ್ಕೂ ತೊಲೆಗೂ ಓರೆ ಆಸರೆ ಕೊಡಲೇಬೇಕು. ಆದರೆ ಮಳೆಗಾಲ ಕಳೆದ ಮೇಲೆ ಚಾಕು ಚುಚ್ಚಿ ನೋಡಿದರೆ ಲೆಕ್ಕ ಉಲ್ಟಾ. ಹೂತ ಕಂಬದಲ್ಲಿ ಆಳದ ಭಾಗ ಗಟ್ಟಿ, ಮೇಲಿನ ಭಾಗವೂ ಗಟ್ಟಿ. ನೆಲಮಟ್ಟದ ಆ ನಾಲ್ಕು ಬೆರಳು ಮಾತ್ರ ಸಿಪ್ಪೆ ಮೆತ್ತಗೆ. ನೀರೂ ಗಾಳಿಯೂ ಎರಡೂ ಸಿಗುವುದು ಅಲ್ಲೇ, ಕೊಳೆಸುವ ಬೂಷ್ಟಿಗೆ ಎರಡೂ ಬೇಕು. ಹಲಸಿನ ತಿರುಳಾಗಿದ್ದಕ್ಕೆ ಹೊರಸಿಪ್ಪೆಯಲ್ಲೇ ನಿಂತಿದೆ. ಸಿಲ್ವರ್ ಓಕ್ ಆಗಿದ್ದರೆ ಕಂಬ ಬದಲಿಸುವ ಮಾತಾಡಬೇಕಿತ್ತು. ಕಲ್ಲಿನ ಮೇಲಿನ ಕಂಬಕ್ಕೆ ಏನೂ ಆಗಿಲ್ಲ. ಗೆದ್ದಲು ಮಣ್ಣಿನ ಕೊಳವೆ ಕಟ್ಟಿಕೊಂಡು ಕಲ್ಲಿನ ಮೇಲೂ ಹತ್ತುತ್ತೆ. ಆದರೆ ಅಲ್ಲಿ ಅದು ಕಣ್ಣಿಗೆ ಬೀಳುತ್ತೆ, ಒಂದು ಸಲ ಕೆರೆದು ಹಾಕಿದರೆ ಮುಗಿಯಿತು. ನೆಲದೊಳಗೆ ನಡೆಯುವುದು ಯಾರಿಗೆ ಗೊತ್ತು? ನನ್ನ ಓಟು ಕಲ್ಲಿಗೆ.

ಜೋಡಣೆಗೆ ಮೊಳೆ ಬಳಸಲಿಲ್ಲ. ಬೈರಿಗೆಯಲ್ಲಿ ಒಂದಿಂಚಿನ ತೂತು ಕೊರೆದು, ಹಳೇ ಕಾಫಿ ಗಿಡದ ಬುಡದಿಂದ ಗೂಟ ಕೆತ್ತಿ ಹೊಡೆದೆವು. ಕಾಫಿ ಮರ ಗಟ್ಟಿ, ಒತ್ತು ನಾರು. ಗೂಟ ಚೆನ್ನಾಗಿ ಒಣಗಿರಬೇಕು, ತೊಲೆ ಹಸಿ ಇದ್ದರೆ ಇನ್ನೂ ಒಳ್ಳೆಯದು, ಯಾಕೆಂದರೆ ತೊಲೆ ಕುಗ್ಗುತ್ತಾ ಗೂಟವನ್ನು ಹಿಡಿದುಕೊಳ್ಳುತ್ತೆ. ಗೋಡೆ ಅಂತ ಪೂರ್ತಿ ಮುಚ್ಚಲಿಲ್ಲ, ಮೂರಡಿವರೆಗೆ ಅಡಿಕೆ ದಬ್ಬೆ, ಮೇಲೆ ಖಾಲಿ. ನೆನೆದರೂ ಗಾಳಿಯಾಡಿ ಒಣಗುತ್ತೆ, ದಿಮ್ಮಿ ಗೂಡಿನ ಮುಗ್ಗಲು ವಾಸನೆ ಇಲ್ಲಿಲ್ಲ. ಚಳಿ ಮಾತ್ರ ಧಾರಾಳ. ಉಂಬಳ (ಜಿಗಣೆ) ಎರಡಕ್ಕೂ ಹತ್ತುತ್ತೆ, ಅದರಲ್ಲಿ ಭೇದ ಇಲ್ಲ.

ಬಿದಿರಿನ ಬಗ್ಗೆ ಜಾಸ್ತಿ ಹೇಳಲ್ಲ. ಕತ್ತಿ, ಮಡಚುವ ಗರಗಸ, ತೆಂಗಿನ ನಾರಿನ ಹಗ್ಗ ಇದ್ದರೆ ಒಬ್ಬನೇ ಕಟ್ಟಬಹುದು, ಬೇಗ ಆಗುತ್ತೆ, ಹಗುರ. 2017ರ ತಿದ್ದುಪಡಿ ಆದ ಮೇಲೆ ಅರಣ್ಯದ ಹೊರಗೆ ಬೆಳೆದ ಬಿದಿರು ಕೇಂದ್ರದ ಅರಣ್ಯ ಕಾಯ್ದೆಯಲ್ಲಿ ಮರ ಅನ್ನಿಸಿಕೊಳ್ಳಲ್ಲ. ಮೂರು ವರ್ಷ ದಾಟಿದ ಗಳವನ್ನೇ ಕಡಿಯಿರಿ. ಮೈ ಮೇಲೆ ಬಿಳಿ ಪುಡಿ, ಹಾಳೆ ಅಂಟಿಕೊಂಡಿದ್ದರೆ ಅದು ಎಳೆಯದು. ಹಿರಿಯರು ಕತ್ತಲೆ ಪಕ್ಷದಲ್ಲಿ ಕಡಿ ಅನ್ನುತ್ತಾರೆ, ನಾವೂ ಹಾಗೇ ಮಾಡಿದೆವು. ಆದರೆ ನನಗೆ ವ್ಯತ್ಯಾಸ ಕಂಡದ್ದು ಹಳ್ಳದ ನೀರಿನಲ್ಲಿ ವಾರಗಟ್ಟಲೆ ಮುಳುಗಿಸಿಟ್ಟ ಗಳಕ್ಕೂ ನೇರ ತಂದು ಕಟ್ಟಿದ್ದಕ್ಕೂ. ಪಿಷ್ಟ ನೀರಿಗೆ ಬಿಟ್ಟುಹೋದರೆ ಕುಟ್ಟೆ ಹುಳಕ್ಕೆ ಊಟ ಇರಲ್ಲ. ನೆನೆಸದ ಗಳದ ಅಡಿಯಲ್ಲಿ ದಿನಾ ಬೆಳಗ್ಗೆ ಹಿಟ್ಟು ಉದುರಿರುತ್ತಿತ್ತು. ನೆನೆಸಿದರೂ ಇದು ಚಪ್ಪರವೇ, ಮನೆ ಅಲ್ಲ.

ಇನ್ನು ಹತಾರ. ಆನ್‌ಲೈನಲ್ಲಿ ತರಿಸಿದ ಉದ್ದ ಕಾವಿನ ಕೊಡಲಿ ಮರ ಉರುಳಿಸಲು ಚೆಂದ, ಹರಿತವೂ ಬಹಳ ಹೊತ್ತು ನಿಲ್ಲುತ್ತೆ. ಊರ ಕುಲುಮೆಯದು ಬೇಗ ಮೊಂಡಾಗುತ್ತೆ, ಅಷ್ಟೇ ಬೇಗ ಅರ ಹಾಕಿ ಸರಿ ಮಾಡಬಹುದು. ಕೊಂಬೆ ಸವರಲು, ತುದಿ ಚೂಪು ಮಾಡಲು ನನ್ನ ಕೈ ಹೋಗಿದ್ದು ಅದಕ್ಕೇ. ಇಬ್ಬರು ಎಳೆಯುವ ಗರಗಸ ಎಂಟಿಂಚಿನ ದಿಮ್ಮಿಗೆ ಅತಿಯಾಯಿತು. ಮರಗಸಿಗೆ ಬಳಸುವ, ಎಳೆದಾಗ ಕೊಯ್ಯುವ ಗರಗಸವೇ ಸಾಕು. ದುಡ್ಡು ಒಂದಕ್ಕೇ ಇದೆ ಅಂದರೆ ಒಳ್ಳೇ ಬಾಚಿ ಕೊಳ್ಳಿ, ಬಾಕಿ ಎಲ್ಲ ಕಡ ಸಿಗುತ್ತೆ.

ಮಾಡಿಗೆ ಮೂರು ಥರ ಹೊದಿಸಿದೆವು. ದಿಮ್ಮಿ ಗೂಡಿಗೆ ಹಳೇ ಮಂಗಳೂರು ಹಂಚು, ಕವೆಗಂಬಕ್ಕೆ ಗುಡ್ಡದ ಕರಡ ಹುಲ್ಲು, ಬಿದಿರಿಗೆ ಅಡಿಕೆ ಸೋಗೆ. ಹಂಚು ಒಂದೊಂದೂ ಎರಡು, ಎರಡೂವರೆ ಕೆಜಿ, ಅಡಿಯಲ್ಲಿ ಗಟ್ಟಿ ಮರ ಬೇಕು. ಒಂದು ಒಡೆದರೆ ಒಂದು ಬದಲಿಸಿದರಾಯಿತು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡುವ ಮೊದಲು ಈ ಕಡೆ ಬಡವರ ಮನೆಗೆಲ್ಲ ಹುಲ್ಲೇ ಗತಿ, ಅದಕ್ಕೇ ಹುಲ್ಲಿನ ಕೆಲಸ ಗೊತ್ತಿರುವ ಕೈ ಈಗಲೂ ಅಲ್ಲೊಂದು ಇಲ್ಲೊಂದು ಸಿಗುತ್ತೆ. ಕರಡವನ್ನು ಸೂರಿನಿಂದ ಮೇಲಕ್ಕೆ ದಪ್ಪಗೆ, ಪದರದ ಮೇಲೆ ಪದರವಾಗಿ ಹೊದಿಸಿ ಒಳಗೆ ಆಗಾಗ ಹೊಗೆ ಹಾಕಿದರೆ ಹುಳ ಬರಲ್ಲ. ಸೋಗೆ ಒಂದು ಮಳೆಗಾಲಕ್ಕೆ ಸರಿ, ಮುಂದಿನ ವರ್ಷ ಹೊಸದೇ ಬೇಕು. ಯಾವುದೇ ಆದರೂ ಸೂರು ಎರಡಡಿಗಿಂತ ಕಡಿಮೆ ಚಾಚಬಾರದು. ಇಲ್ಲಿ ಮಳೆ ನೆಟ್ಟಗೆ ಬೀಳಲ್ಲ, ಅಡ್ಡ ಹೊಡೆಯುತ್ತೆ. ದಿಮ್ಮಿ ಗೋಡೆ ಕಟ್ಟಲೇಬೇಕು ಅನ್ನುವ ಹಟ ಇದ್ದವರು ಪಡುವಣ ಬದಿಗೆ ನಾಲ್ಕಡಿ ಸೂರು ಕೊಡಿ. ಹೇಗೂ ಹತ್ತಡಿ ದಿಮ್ಮಿ ಕಡಿಯುವವರಿಗೆ ಪಕಾಸಿ ಎರಡಡಿ ಉದ್ದ ಮಾಡುವುದು ಏನು ಮಹಾ.

ಆನೆ ಬಂದರೆ ಏನು ಮಾಡ್ತೀರಿ ಅಂತ ಸಕಲೇಶಪುರ, ಆಲೂರು ಕಡೆಯ ನೆಂಟರೆಲ್ಲ ಕೇಳುತ್ತಾರೆ. ಮೂರರಲ್ಲಿ ಯಾವುದೂ ಆನೆಗೆ ಲೆಕ್ಕಕ್ಕಿಲ್ಲ, ದಿಮ್ಮಿ ಗೂಡೂ ಅಷ್ಟೇ. ಒಳಗೆ ಅಕ್ಕಿ, ಉಪ್ಪು, ಹಲಸಿನ ಹಣ್ಣು ಇಡಬೇಡಿ. ಆನೆ ಓಡಾಡುವ ದಾರಿಯಲ್ಲಿ, ಹಣ್ಣು ಬಿಡುವ ಹಲಸಿನ ಮರದಡಿ ಕಟ್ಟಲೇಬೇಡಿ. ಹಿಂಡು ಇದೆ ಅಂತ ಸುದ್ದಿ ಬಂದ ದಿನ ಮನೆಯಲ್ಲೇ ಮಲಗಿ.