ಪೆಲ್ಹ್ಯಾಮ್ ಕಡಿವಾಣ: ಎರಡು ಲಗಾಮು ಹಿಡಿಯಲು ಬರುವವರಿಗೆ

ಸ್ನ್ಯಾಫಲ್‌ಗೆ, ಅಂದರೆ ಸನ್ನೆಯಿಲ್ಲದ ಸಾದಾ ಕಡಿವಾಣಕ್ಕೆ, ಕಿವಿಗೊಡದೆ ಎಳೆದುಕೊಂಡು ಓಡುವ ಕುದುರೆಗೆ ಮುಂದೇನು ಹಾಕುವುದು ಎಂದು ಹುಡುಕುವವರಿಗೆ ಬಿರುಸಿನ ಕಡಿವಾಣಗಳು ಹತ್ತಾರು ಸಿಗುತ್ತವೆ. ಅವುಗಳಲ್ಲಿ ನಾವು ಮೊದಲು ಹೆಸರಿಸುವುದು ಪೆಲ್ಹ್ಯಾಮ್. ಒಂದೇ ಬಾಯಿಸರಳಿಗೆ ಇದರಲ್ಲಿ ಎರಡು ಲಗಾಮು. ದೊಡ್ಡ ಉಂಗುರದ ಲಗಾಮು ಹೆಚ್ಚುಕಡಿಮೆ ಸ್ನ್ಯಾಫಲ್‌ನಂತೆ ನಡೆಯುತ್ತದೆ. ಶ್ಯಾಂಕ್‌ನ, ಅಂದರೆ ಬಾಯಿಸರಳಿನ ಬದಿಯ ಲೋಹದ ತೋಳಿನ, ಕೆಳತುದಿಯ ಸಣ್ಣ ಉಂಗುರದ ಲಗಾಮು ಆ ತೋಳನ್ನು ಸನ್ನೆಗೋಲಿನಂತೆ ತಿರುಗಿಸುತ್ತದೆ. ಬಿರುಸು ಬೇಕಾದ ಕ್ಷಣದಲ್ಲಿ ತಂದು, ಕುದುರೆ ಒಪ್ಪಿದ ಕೂಡಲೇ ಪೂರ್ತಿ ಬಿಟ್ಟುಬಿಡಬಹುದು. ಒಂದೇ ಲಗಾಮು ಕಟ್ಟಿದ ಬೇರೆ ಬಿರುಸಿನ ಕಡಿವಾಣಗಳಾದ ಕಿಂಬಲ್‌ವಿಕ್‌ಗಾಗಲಿ ಮೂರುಂಗುರದ ಗ್ಯಾಗ್‌ಗಾಗಲಿ ಈ ಗುಣವಿಲ್ಲ.

ಆದರೆ ಕೊಳ್ಳುವ ಮೊದಲು ಕುದುರೆಯ ಬಾಯಿ ತೆರೆಸಿ ನೋಡಿಸಿ. ಮೊದಲ ದವಡೆಹಲ್ಲಿನ ಮುಂದೆ ಮೊಳೆಯುವ ಸಣ್ಣ ತೋಳಹಲ್ಲು, ಕೆನ್ನೆಯ ಒಳಪದರವನ್ನು ಕೊರೆಯುವ ಹರಿತ ಅಂಚು, ಬಾಯಿಯಂಚಿನ ಹಳೆಯ ಗಾಯ, ಕಡಿವಾಣ ಕೂರುವ ಹಲ್ಲಿಲ್ಲದ ಜಾಗದ ಮೂಳೆಯ ಮೇಲೆ ಎದ್ದ ಗಂಟು, ಇವುಗಳಲ್ಲಿ ಯಾವುದಿದ್ದರೂ ಕುದುರೆ ಕಡಿವಾಣದಿಂದ ತಪ್ಪಿಸಿಕೊಳ್ಳಲೆಂದೇ ಓಡುತ್ತದೆ. ಭುಜದ ಹಿಂದೆ ಒತ್ತುವ ಜೀನು, ಬೆನ್ನುನೋವು, ಕೆಲಸಕ್ಕೆ ಮೀರಿದ ಧಾನ್ಯ, ದಿನವಿಡೀ ಲಾಯದಲ್ಲೇ ಕಟ್ಟಿಹಾಕುವುದು, ಇವೂ ಓಟಕ್ಕೆ ಕಾರಣಗಳೇ. ನೋವಿನಿಂದ ಓಡುವ ಕುದುರೆಗೆ ಪೆಲ್ಹ್ಯಾಮ್ ಹಾಕಿದರೆ ನೋವು ಎರಡಾಗುತ್ತದೆ. ಆಗ ಓಟದ ಬದಲು ಮುಂಗಾಲೆತ್ತಿ ನಿಲ್ಲುವ ಚಟ ಹುಟ್ಟಬಹುದು, ಅದು ಓಟಕ್ಕಿಂತ ಅಪಾಯ.

ಇದರ ಶಕ್ತಿಯನ್ನು ಅಳತೆಪಟ್ಟಿ ಹಿಡಿದೇ ಅಂದಾಜಿಸಬಹುದು. ಸರಳಿನಿಂದ ತಲೆಪಟ್ಟಿ ಸಿಕ್ಕಿಸುವ ಮೇಲಿನ ಕಣ್ಣಿಯವರೆಗೆ 4 ಸೆಂ.ಮೀ., ಸರಳಿನಿಂದ ಕೆಳಗಿನ ಉಂಗುರದವರೆಗೆ 8 ಸೆಂ.ಮೀ. ಇದೆ ಎನ್ನಿ. ಕೆಳಗಿನ ಲಗಾಮಿನಲ್ಲಿ 1 ಕಿಲೋದಷ್ಟು ಎಳೆತ ಹಾಕಿದರೆ ಗದ್ದದ ಕೆಳಗೆ ಹಾಯುವ ಸರಪಳಿಯಾದ ಕರ್ಬ್ ಚೈನ್ ಮೇಲೆ ಸುಮಾರು 2 ಕಿಲೋ ಬೀಳುತ್ತದೆ. ನಾಲಿಗೆ ಮತ್ತು ದವಡೆಮೂಳೆ ಸೇರಿ ಸುಮಾರು 3 ಕಿಲೋ ಹೊರಬೇಕು. ಆ ಮೂಳೆಯ ಮೇಲಿರುವುದು ತೆಳ್ಳನೆಯ ಒಸಡಿನ ಪದರ ಮಾತ್ರ. ಅಂಗಡಿಯಲ್ಲಿ ಶ್ಯಾಂಕ್‌ನ ಒಟ್ಟು ಉದ್ದವನ್ನಷ್ಟೇ ಹೇಳುತ್ತಾರೆ, ಅದು ಸಾಲದು. ಎರಡು ತೋಳುಗಳ ಅನುಪಾತ ಕೇಳಿ. ಮೇಲ್ತೋಳು ಗಿಡ್ಡವಾದಷ್ಟೂ ಚೈನ್ ಬಿರುಸು. ಮೊದಲ ಪೆಲ್ಹ್ಯಾಮ್ ಆಗಿ ಟಾಮ್ ಥಂಬ್ ಎಂಬ ಗಿಡ್ಡ ಶ್ಯಾಂಕ್‌ನದ್ದು ಬಹುತೇಕ ಕುದುರೆಗಳಿಗೆ ಸಾಕು.

ಬಾಯಿಸರಳಿನಲ್ಲಿ ಮಲ್ಲನ್ ಎಂದು ಕರೆಯುವ, ಸಣ್ಣಗೆ ಬಾಗಿದ ಇಡೀ ಸರಳು ಸುರಕ್ಷಿತ ಆಯ್ಕೆ. ನಾಲಿಗೆ ದಪ್ಪಗಿರುವ ಕುದುರೆಗೆ ನಡುವೆ ತಗ್ಗಾದ, ಅಗಲವಾದ ಕಮಾನಿರುವುದು ಹಿತ. ಇಕ್ಕಟ್ಟಾದ, ಎತ್ತರದ ಕಮಾನು ನಾಲಿಗೆಗೆ ಜಾಗ ಕೊಡದೆ ಅಂಗುಳಿಗೆ ತಗಲಬಹುದು. ನಡುವೆ ಒಂದೇ ಕೀಲಿರುವ ಪೆಲ್ಹ್ಯಾಮ್ ನಮಗೆ ಒಪ್ಪಿಗೆಯಿಲ್ಲ: ಲಗಾಮು ಬಿಗಿದಾಗ ಸರಳು ಕೀಲಿನಲ್ಲಿ ಮಡಚಿ ಶ್ಯಾಂಕ್‌ಗಳು ಒಳಕ್ಕೆ ವಾಲುತ್ತವೆ, ಚೈನ್ ಸಡಿಲಿ ಜಾಗ ಬಿಡುತ್ತದೆ, ಒತ್ತಡ ಎಲ್ಲಿ ಬೀಳುತ್ತಿದೆಯೆಂದು ಸವಾರನಿಗೂ ತಿಳಿಯದು. ದಪ್ಪ ಸರಳು ಯಾವಾಗಲೂ ಮೆತ್ತಗೆ ಎಂಬ ಮಾತನ್ನೂ ನಂಬಬೇಡಿ. ಬಾಯಿ ಸಣ್ಣದಾಗಿ ನಾಲಿಗೆ ತುಂಬಿಕೊಂಡಿದ್ದರೆ ದಪ್ಪ ರಬ್ಬರ್ ಸರಳು ಬಾಯಿ ಮುಚ್ಚಲೂ ಬಿಡುವುದಿಲ್ಲ.

ಅಗಲದಲ್ಲಿ ತುಟಿಗೂ ಶ್ಯಾಂಕ್‌ಗೂ ನಡುವೆ ಪ್ರತಿ ಬದಿ ಕೆಲವೇ ಮಿಲಿಮೀಟರ್, ಹೆಚ್ಚೆಂದರೆ 5 ಮಿ.ಮೀ. ಇರಲಿ. ಅಗಲ ಹೆಚ್ಚಾದರೆ ಕಮಾನು ನಾಲಿಗೆಯ ನಡುವಿನಿಂದ ಸರಿಯುತ್ತದೆ, ಚೈನ್ ಸೊಟ್ಟಗಾಗುತ್ತದೆ. ಕಡಿಮೆಯಾದರೆ ತುಟಿ ಸಿಕ್ಕಿಕೊಳ್ಳುತ್ತದೆ, ಮೇಲ್ತೋಳು ಕೆನ್ನೆಯನ್ನು ಹಲ್ಲಿಗೆ ಒತ್ತುತ್ತದೆ. ಎತ್ತರವನ್ನು ಸ್ನ್ಯಾಫಲ್‌ಗಿಂತ ತುಸು ಕೆಳಗೆ ಇಡಿ: ಬಾಯಿಯಂಚಿಗೆ ತಾಕಿ ನಿಂತರೆ ಅಥವಾ ಒಂದು ಸುಕ್ಕು ಮೂಡಿದರೆ ಸಾಕು.

ಹೆಚ್ಚಿನ ತಪ್ಪುಗಳು ಕರ್ಬ್ ಚೈನ್‌ನಲ್ಲೇ. ಬಲಬದಿಯ ಕೊಕ್ಕೆಗೆ ಒಂದು ತುದಿ ಸಿಕ್ಕಿಸಿ, ಎಡಬದಿಯಿಂದ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಚುತ್ತ ಹೋದರೆ ಕೊಂಡಿಗಳೆಲ್ಲ ಮಟ್ಟಸವಾಗುತ್ತವೆ. ಒಂದೇ ಒಂದು ಕೊಂಡಿ ಮಗುಚಿದ್ದರೂ ಅದರ ಅಂಚು ಚರ್ಮಕ್ಕೆ ಒತ್ತುತ್ತದೆ. ಚೈನ್ ಗದ್ದದ ಹಿಂದಿನ ತಗ್ಗಿನಲ್ಲಿ ಕೂರಬೇಕು. ಮೇಲಕ್ಕೇರಿದರೆ ದವಡೆಮೂಳೆಯ ಹರಿತ ಅಂಚಿಗೆ ತಾಗುತ್ತದೆ. ಲಗಾಮು ಸಡಿಲವಿದ್ದಾಗ ಎರಡು ಬೆರಳು ಮಟ್ಟಸವಾಗಿ ತೂರಬೇಕು. ನಂತರ ಕೆಳಗಿನ ಲಗಾಮನ್ನು ಮೆಲ್ಲಗೆ ಎಳೆದು ನೋಡಿ: ಶ್ಯಾಂಕ್ ಸುಮಾರು 45 ಡಿಗ್ರಿ ತಿರುಗಿದಾಗ ಚೈನ್ ಹಿಡಿಯಬೇಕು. ಇನ್ನೂ ಬೇಗ ಹಿಡಿದರೆ ಕುದುರೆಗೆ ಎಚ್ಚರಿಕೆಯೇ ಸಿಗದೆ ಪೆಟ್ಟು ಬೀಳುತ್ತದೆ. ಶ್ಯಾಂಕ್ ಅಡ್ಡಡ್ಡ ಬರುವವರೆಗೂ ಹಿಡಿಯದಿದ್ದರೆ ಒತ್ತಡ ನೆತ್ತಿಗೆ ಹೋಗುತ್ತದೆ, ಬಾಯಿಯಂಚಿನಲ್ಲಿ ಚರ್ಮ ಚಿವುಟುತ್ತದೆ. ಈ ಚಿವುಟುವಿಕೆ ತಪ್ಪಿಸಲು ಚೈನನ್ನು ಎರಡೂ ಬದಿಯ ದೊಡ್ಡ ಉಂಗುರಗಳ ಒಳಗಿನಿಂದ ಹಾಯಿಸುವ ಕ್ರಮವಿದೆ, ಒಳ್ಳೆಯ ಕ್ರಮ. ಚರ್ಮ ಸೂಕ್ಷ್ಮವಿದ್ದರೆ ಚೈನ್‌ಗೆ ಜೆಲ್ ಅಥವಾ ಚರ್ಮದ ಕವಚ ಹಾಕಿ, ಹಾಕಿದ ಮೇಲೆ ಸಡಿಲವನ್ನು ಮತ್ತೆ ಅಳೆಯಿರಿ. ಮೂಗುಪಟ್ಟಿ ಸಾದಾ ಕ್ಯಾವೆಸನ್ ಇರಲಿ. ಬಾಯಿ ಬಿಗಿಯುವ ಫ್ಲ್ಯಾಶ್ ಅಥವಾ ಡ್ರಾಪ್ ಪಟ್ಟಿ ಇದೇ ಗದ್ದದ ತಗ್ಗಿಗೆ ಬಂದು ಚೈನ್ ಜೊತೆ ಗುದ್ದಾಡುತ್ತದೆ. ಬಾಯಿ ಬಿಗಿದು ಕಟ್ಟಿದರೆ ಕುದುರೆ ಹೇಳುವ ದೂರು ಕಾಣದೆಯೇ ಹೋಗುತ್ತದೆ.

ಲಗಾಮು ಹಿಡಿಯುವ ರೀತಿ ಹೀಗೆ: ದೊಡ್ಡ ಉಂಗುರದ ಅಗಲ ಲಗಾಮು ಕಿರುಬೆರಳಿನ ಹೊರಗಿನಿಂದ, ಕೆಳಗಿನ ತೆಳು ಲಗಾಮು ಕಿರುಬೆರಳು ಉಂಗುರಬೆರಳುಗಳ ನಡುವಿನಿಂದ. ತೆಳು ಲಗಾಮು ಕಣ್ಣಿಗೆ ಕಾಣುವಷ್ಟು ಜೋತಾಡುತ್ತಿರಬೇಕು. ಸವಾರಿಯ ಬಹುಪಾಲು ಮೇಲಿನ ಲಗಾಮಿನಲ್ಲೇ ಸಾಗಬೇಕು. ಕುದುರೆ ಭಾರ ಹಾಕಿದಾಗ ಮೊದಲು ಬೆನ್ನು ನೆಟ್ಟಗೆ, ಆಮೇಲೆ ಮೇಲಿನ ಲಗಾಮು, ಅದಕ್ಕೂ ಓಗೊಡದಿದ್ದರೆ ಉಂಗುರಬೆರಳು ಮುಚ್ಚಿ ತೆಳು ಲಗಾಮಿಗೆ ಅರೆಗಳಿಗೆಯ ಒತ್ತು. ಹೆಜ್ಜೆ ನಿಧಾನವಾದ ಆ ಕ್ಷಣವೇ ಬೆರಳು ತೆರೆಯಬೇಕು. ಬಿಡುವುದು ತಡವಾದರೆ ಕುದುರೆ ಆ ಒತ್ತಡಕ್ಕೂ ಒಗ್ಗಿಕೊಳ್ಳುತ್ತದೆ. ಕೆಲವು ತಿಂಗಳಲ್ಲಿ ಇನ್ನೂ ಬಿರುಸಿನದ್ದು ಹುಡುಕಬೇಕಾಗುವುದು ಹೀಗೆಯೇ. ಸುತ್ತುಬೇಲಿಯ ಮೈದಾನದಲ್ಲಿ ನಡಿಗೆ ಮತ್ತು ನಿಲುಗಡೆಯಿಂದ ಶುರುಮಾಡಿ, ಕುಕ್ಕುಲೋಟಕ್ಕೆ, ಅಲ್ಲಿಂದ ಇನ್ನೂ ವೇಗದ ಕ್ಯಾಂಟರ್ ಓಟಕ್ಕೆ ಹೋಗಿ. ವಾರದ ಕೆಲವು ದಿನ ಸ್ನ್ಯಾಫಲ್‌ಗೆ ಮರಳಿ. ಕೈ ಇನ್ನೂ ನಿಲ್ಲದ, ಜಿಗಿತದಲ್ಲಿ ಲಗಾಮಿಗೆ ಜೋತುಬೀಳುವ ಸವಾರನಿಗೆ ಇದನ್ನು ಕೊಡಲೇಬೇಡಿ. ಕೆಳಗಿನ ಉಂಗುರಕ್ಕೆ ಹಗ್ಗ ಹಾಕಿ ಕಟ್ಟುವುದು, ಲಂಜ್ ಮಾಡಿಸುವುದು (ಉದ್ದ ಹಗ್ಗದಲ್ಲಿ ಸುತ್ತ ಓಡಿಸುವುದು) ದವಡೆ ಮುರಿಯುವಂಥ ಕೆಲಸ.

ಎರಡು ಉಂಗುರಗಳನ್ನು ಜೋಡಿಸಿ ಒಂದೇ ಲಗಾಮು ಕಟ್ಟಲು ಬಿಡುವ ಚರ್ಮದ ಕನ್ವರ್ಟರ್ ಪಟ್ಟಿಗಳೂ ಮಾರಾಟಕ್ಕಿವೆ. ಜಿಗಿತದ ನಡುವೆ ಕೈತುಂಬ ಲಗಾಮು ಬೇಡವೆನ್ನುವವರ ಕಷ್ಟ ಅರ್ಥವಾಗುತ್ತದೆ. ಆದರೆ ಅದನ್ನು ಹಾಕಿದ ಮೇಲೆ ಪ್ರತಿ ಸ್ಪರ್ಶದಲ್ಲೂ ಚೈನ್‌ನ ಪಾಲಿರುತ್ತದೆ, ತಿರುಗುವ ಸೂಚನೆಯೂ ಮಸುಕಾಗುತ್ತದೆ. ಪೆಲ್ಹ್ಯಾಮ್‌ಗೆ ಹಣ ಕೊಟ್ಟು ಅದರ ಒಳ್ಳೆಯ ಗುಣವನ್ನೇ ಕಟ್ಟಿಹಾಕಿದಂತೆ. ಎರಡು ಲಗಾಮು ಒಗ್ಗದವರು ಬೇರೆ ಕಡಿವಾಣ ನೋಡುವುದು ಮೇಲು.

ಆ ಬೇರೆಯವುಗಳಲ್ಲಿ ಕಿಂಬಲ್‌ವಿಕ್ ಇದಕ್ಕಿಂತ ಸೌಮ್ಯ, ಆದರೆ ಎಡೆಬಿಡದೆ ಹಿಡಿದರೆ ಕುದುರೆ ಅದರ ಮೇಲೇ ಒರಗುತ್ತದೆ. ಮೂರುಂಗುರದ ಗ್ಯಾಗ್‌ನಲ್ಲಿ ಲಗಾಮು ಕೆಳಗಿಳಿದಷ್ಟೂ ಸನ್ನೆ ಹೆಚ್ಚು; ಸರಳು ಬಾಯಿಯಂಚನ್ನು ಮೇಲಕ್ಕೆಳೆಯುವಾಗಲೇ ನೆತ್ತಿಪಟ್ಟಿ ತಲೆಯನ್ನು ಕೆಳಗೊತ್ತುತ್ತದೆ, ಅದೊಂದು ಗೊಂದಲದ ಸೂಚನೆ. ಡ್ರೆಸಾಜ್, ಅಂದರೆ ಕುದುರೆಯ ಶಿಸ್ತಿನ ಚಲನೆಯ ಪಂದ್ಯದ, ಸ್ಪರ್ಧಿಗಳು ಗಮನಿಸಿ: ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟದ (ಎಫ್‌ಇಐ) ನಿಯಮದಲ್ಲಿ ಅಲ್ಲಿಗೆ ಸ್ನ್ಯಾಫಲ್ ಅಥವಾ ಡಬಲ್ ಬ್ರೈಡಲ್ (ಸ್ನ್ಯಾಫಲ್ ಮತ್ತು ಸನ್ನೆಯ ಕರ್ಬ್ ಎರಡೂ ಕಡಿವಾಣಗಳಿರುವುದು) ಮಾತ್ರ, ಪೆಲ್ಹ್ಯಾಮ್ ಇಲ್ಲ. ಡಬಲ್ ಬ್ರೈಡಲ್‌ನ ಕರ್ಬ್‌ಗೂ ಕೆಳತೋಳು 10 ಸೆಂ.ಮೀ. ಮೀರುವಂತಿಲ್ಲ.

ಪ್ರತಿ ಸವಾರಿಯ ನಂತರ ಬಾಯಿಯಂಚು, ನಾಲಿಗೆ, ಹಲ್ಲಿಲ್ಲದ ಜಾಗದ ಒಸಡು, ಗದ್ದದ ತಗ್ಗು ನೋಡಿ. ಕೂದಲು ಉದುರಿದ್ದರೆ ಚೈನ್ ಬಿಗಿ ಅಥವಾ ಸೊಟ್ಟ. ನಾಲಿಗೆ ನೀಲಿಯಾಗಿದ್ದರೆ, ರಕ್ತದ ಗುರುತಿದ್ದರೆ ಗಾಯ ಮಾಯುವವರೆಗೆ ಬಾಯಿಗೆ ಏನನ್ನೂ ಹಾಕಬೇಡಿ, ವೈದ್ಯರಿಗೆ ತೋರಿಸಿ. ಗದ್ದವನ್ನು ಎದೆಗೆ ಒತ್ತಿ ಕಡಿವಾಣದ ಹಿಂದೆ ಅಡಗುವ ಕುದುರೆ ಮೆತ್ತಗಾದಂತೆ ಕಾಣುತ್ತದೆ; ಅದು ಸಂಪರ್ಕಕ್ಕೇ ಹೆದರಿದೆ, ಸ್ನ್ಯಾಫಲ್‌ಗೆ ಹಿಂತಿರುಗಿ. ಸರಳನ್ನು ಬರಿಯ ನೀರಿನಲ್ಲಿ ತೊಳೆದು ಬೆರಳಾಡಿಸಿ: ಶ್ಯಾಂಕ್ ಸೇರುವ ಜಾಗದಲ್ಲಿ ಲೋಹ ಸವೆದು ಅಂಚು ಎದ್ದಿದ್ದರೆ, ರಬ್ಬರ್ ಮೇಲೆ ಹಲ್ಲಿನ ಕಚ್ಚು ಬಿದ್ದಿದ್ದರೆ ಅದನ್ನು ಬಿಸಾಡಿ ಹೊಸದು ತನ್ನಿ.