ಕೆಡಂಪ್ ಮತ್ತು ಮೆಮ್‌ಟೆಸ್ಟ್86+: ತೋಟದ ಆಫೀಸಿನ ಹಳೇ ಕಂಪ್ಯೂಟರಿನಲ್ಲಿ ಮೂರು ಮಳೆಗಾಲ

ಮಷಿನ್: ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್, ನಾಲ್ಕನೇ ಪೀಳಿಗೆಯ ಐ5, ತಲಾ 4 ಜಿಬಿಯ ಎರಡು ಡಿಡಿಆರ್3 ರ್‍ಯಾಮ್, 240 ಜಿಬಿ ಎಸ್‌ಎಸ್‌ಡಿ. ಓಎಸ್: ಡೆಬಿಯನ್ 12 (ಲಿನಕ್ಸ್‌ನ ಒಂದು ಬಗೆ), ಕರ್ನಲ್ (ಓಎಸ್‌ನ ತಿರುಳು) 6.1. ಜಾಗ: ಮೂಡಿಗೆರೆ ಕಡೆಯ ಕಾಫಿ ತೋಟದ ಆಫೀಸು. ರೈಟರ್ (ತೋಟದ ಗುಮಾಸ್ತ) ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ) ತುಂಬಿಸುವುದು, ಮೂಟೆ ಲೆಕ್ಕ, ಪ್ರಿಂಟು, ಇಷ್ಟೇ ಕೆಲಸ.

ಇಷ್ಟು ಹಗುರ ಕೆಲಸಕ್ಕೂ ಜೂನ್ ಬಂದರೆ ಕರ್ನಲ್ ಪ್ಯಾನಿಕ್, ಅಂದರೆ ಓಎಸ್‌ನ ತಿರುಳೇ ಮುಂದೆ ಹೋಗಲಾಗದೆ ನಿಂತುಬಿಡುವುದು. ಫಾರ್ಮ್ಯಾಟ್ ಮಾಡಿ ಅನ್ನುವ ಪುಕ್ಕಟೆ ಸಲಹೆಯನ್ನು ಎರಡು ಸಲ ಪಾಲಿಸಿದ್ದೂ ಆಯಿತು, ಏನೂ ಬದಲಾಗಲಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಡೆಬಿಯನ್ ಭಂಡಾರದಲ್ಲೇ ಉಚಿತವಾಗಿ ಸಿಗುವ ಎರಡು ಸಾಧನ: ಪ್ಯಾನಿಕ್ಕಿನ ಸುಳಿವು ಉಳಿಸಿಡುವ ಕೆಡಂಪ್-ಟೂಲ್ಸ್ ಮತ್ತು ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+. ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ಮೆಮ್‌ಟೆಸ್ಟ್ ಸಾಕು. ಆದರೆ ಕೆಡಂಪ್ ಇಲ್ಲದಿದ್ದರೆ ರ್‍ಯಾಮ್ ಮೇಲೆ ಅನುಮಾನವೇ ಬರುತ್ತಿರಲಿಲ್ಲ.

ಮೊದಲು ಒಂದು ವ್ಯತ್ಯಾಸ ಗೊತ್ತಿರಲಿ. ಸ್ಕ್ರೀನ್ ನಿಂತುಹೋಗಿ, ಹಳೇ ಪಿಎಸ್2 ಕೀಬೋರ್ಡಿನ ಕ್ಯಾಪ್ಸ್ ಲಾಕ್ ದೀಪ ಮಿಣುಕುತ್ತಿದ್ದರೆ ಅದು ಪ್ಯಾನಿಕ್ (ಯುಎಸ್‌ಬಿ ಕೀಬೋರ್ಡಿನಲ್ಲಿ ಮಿಣುಕುವುದಿಲ್ಲ, ಅದನ್ನು ಕಾಯುತ್ತ ಕೂರಬೇಡಿ). ಮಷಿನ್ ಥಟ್ಟನೆ ಆರಿ ತಾನೇ ಶುರುವಾದರೆ, ಲಾಗ್‌ನಲ್ಲಿ ಒಂದು ಸಾಲೂ ಇಲ್ಲದಿದ್ದರೆ, ಅದು ಬಹುಪಾಲು ಕರೆಂಟಿನ ಕಥೆ. ಇನ್ವರ್ಟರಿನ ಹಿಂದಿರುವ ಸ್ವಿಚ್ಚು ಯುಪಿಎಸ್ ಮೋಡಿನಲ್ಲಿದೆಯೇ ನೋಡಿ. ಇನ್ನೊಂದು ಮೋಡಿನಲ್ಲಿ ಬ್ಯಾಟರಿಗೆ ಬದಲಾಗಲು ಹೆಚ್ಚು ಹೊತ್ತು ಬೇಕು, ಅಷ್ಟರಲ್ಲಿ ಕಂಪ್ಯೂಟರ್ ಉಸಿರು ಬಿಟ್ಟಿರುತ್ತದೆ.

ಕೆಡಂಪ್ ಮಾಡುವುದು ಇಷ್ಟು: ಮೆಮೊರಿಯ ಒಂದು ಮೂಲೆಯಲ್ಲಿ ಇನ್ನೊಂದು ಚಿಕ್ಕ ಕರ್ನಲ್ ಅನ್ನು ಮೊದಲೇ ಕೂರಿಸಿಡುತ್ತದೆ. ದೊಡ್ಡದು ಬಿದ್ದ ಕೂಡಲೇ ಚಿಕ್ಕದು ಎದ್ದು, ಬಿದ್ದದ್ದರ ಮೆಮೊರಿಯನ್ನು ಡಿಸ್ಕಿಗೆ ಬರೆದು ರೀಬೂಟ್ ಮಾಡುತ್ತದೆ. ಜರ್ನಲ್ ಲಾಗನ್ನೇ ನಂಬಿಕೊಂಡರೆ ಇದು ಸಿಗದು, ಏಕೆಂದರೆ ಪ್ಯಾನಿಕ್ಕಿನ ಕೊನೆಯ ಸಾಲುಗಳು ಡಿಸ್ಕ್ ತಲುಪುವ ಮೊದಲೇ ಎಲ್ಲ ಮುಗಿದಿರುತ್ತದೆ. ಆಪ್ಟ್ (ಪ್ಯಾಕೇಜ್ ಹಾಕುವ ಕಮಾಂಡ್) ಬಳಸಿ ಹಾಕುವಾಗ ಕೇಳುವ ಪ್ರಶ್ನೆಗೆ ಹೌದು ಅನ್ನಿ, ಗ್ರಬ್ (ಕರ್ನಲ್ ಬೂಟ್ ಮಾಡಿಸುವ ಮೆನು) ಸೆಟ್ಟಿಂಗಿನ ಸಾಲಿನಲ್ಲಿ ಕ್ರ್ಯಾಶ್‌ಕರ್ನಲ್‌ಗೆ 256 ಎಂಬಿ ಕೊಡಿ, ಅಪ್‌ಡೇಟ್-ಗ್ರಬ್ ಓಡಿಸಿ, ರೀಬೂಟ್ ಮಾಡಿ. ಮೀಸಲು ಕಡಿಮೆಯಾದರೆ ಚಿಕ್ಕ ಕರ್ನಲ್ಲೇ ಜಾಗ ಸಾಲದೆ ಸಾಯುತ್ತದೆ, ಡಂಪ್ ಫೋಲ್ಡರ್ ಖಾಲಿ ಉಳಿಯುತ್ತದೆ. ಆಮೇಲೆ ಕೆಡಂಪ್-ಕಾನ್ಫಿಗ್ ಶೋ ಓಡಿಸಿದರೆ "ರೆಡಿ ಟು ಕೆಡಂಪ್" ಅನ್ನಬೇಕು.

ಅಂದ ಮಾತ್ರಕ್ಕೆ ನಂಬಬೇಡಿ. ತೆರೆದ ಫೈಲುಗಳನ್ನೆಲ್ಲ ಮುಚ್ಚಿ, ಸಿಂಕ್ ಕೊಟ್ಟು, ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಸಿಸ್‌ಆರ್‌ಕ್ಯೂ-ಟ್ರಿಗರ್ ಫೈಲಿಗೆ (/proc/sysrq-trigger) ಸಿ (c) ಅಕ್ಷರ ಬರೆಯಿರಿ. ಮಷಿನ್ ಬೇಕೆಂದೇ ಬೀಳುತ್ತದೆ. ಸುಡೋ ಎಕೋ ಎಂದು ಬರೆದರೆ ಅನುಮತಿ ಇಲ್ಲ ಅನ್ನುತ್ತದೆ, ಏಕೆಂದರೆ ಸುಡೋ ಕೊಡುವ ರೂಟ್ ಅಧಿಕಾರ ಸಿಗುವುದು ಎಕೋಗೆ, ಫೈಲಿಗೆ ಬರೆಯುವ ಶೆಲ್ಲಿಗಲ್ಲ. ಸುಡೋ ಟೀ ಬಳಸಿ. ಮತ್ತೆ ಬೂಟ್ ಆದ ಮೇಲೆ ವಾರ್ ಒಳಗಿನ ಕ್ರ್ಯಾಶ್ ಫೋಲ್ಡರಿನಲ್ಲಿ (/var/crash) ಆ ಹೊತ್ತಿನ ಹೆಸರಿನ ಹೊಸ ಫೋಲ್ಡರ್ ಕಂಡರೆ ಗೆದ್ದಿರಿ. ಒಳಗೆ ಎರಡು ಫೈಲು: ಡಂಪ್, ಡಿಮೆಸೇಜ್. ಡಂಪನ್ನು ಬಿಡಿಸಲು ಕ್ರ್ಯಾಶ್ ಅನ್ನುವ ಸಾಧನ ಮತ್ತು ಅದೇ ಕರ್ನಲ್ಲಿನ ಭಾರೀ ಡೀಬಗ್ ಪ್ಯಾಕೇಜ್ ಬೇಕು. ಆಫೀಸಿನ ಮಷಿನ್‌ಗೆ ಅಷ್ಟೆಲ್ಲ ಬೇಡ. ಡಿಮೆಸೇಜ್ ಎಂಬ ಮಾಮೂಲಿ ಟೆಕ್ಸ್ಟ್ ಫೈಲೇ ಮುಕ್ಕಾಲು ಕಥೆ ಹೇಳುತ್ತದೆ.

ಅದರಲ್ಲಿ ಆರ್‌ಐಪಿ ಎಂದು ಶುರುವಾಗುವ ಸಾಲು ಹುಡುಕಿ. ಪ್ರೊಸೆಸರ್ ಎಡವಿದ್ದು ಯಾವ ಫಂಕ್ಷನ್ನಿನಲ್ಲಿ ಎಂಬುದು ಅಲ್ಲಿದೆ. ಒಂದೇ ಫೈಲು ನೋಡಿ ತೀರ್ಮಾನಕ್ಕೆ ಬರಬೇಡಿ, ಮೂರನ್ನು ಪಕ್ಕಪಕ್ಕ ಇಡಿ. ಮೂರರಲ್ಲೂ ಅದೇ ಫಂಕ್ಷನ್ ಇದ್ದರೆ ಡ್ರೈವರ್ ಅಥವಾ ಕರ್ನಲ್ ದೋಷ, ಗ್ರಬ್‌ನ ಅಡ್ವಾನ್ಸ್ಡ್ ಮೆನುವಿನಿಂದ ಹಿಂದಿನ ಕರ್ನಲ್ ಬೂಟ್ ಮಾಡಿ ನೋಡಿ. ಈ ಮಷಿನ್ನಿನಲ್ಲಿ ಒಂದು ಸಲ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್, ಇನ್ನೊಂದು ಸಲ ಮೆಮೊರಿ ಪುಟ ಹಂಚುವ ಭಾಗ, ಮತ್ತೊಂದು ಸಲ ಐ915 ಗ್ರಾಫಿಕ್ಸ್. ಒಂದಕ್ಕೊಂದು ಸಂಬಂಧವಿಲ್ಲ. ಹೀಗೆ ದಿನಕ್ಕೊಂದು ಕಡೆ ಎಡವುವ ಮಷಿನ್ನಿಗೆ ಸಾಫ್ಟ್‌ವೇರ್ ಮದ್ದು ತಾಗುವುದಿಲ್ಲ. "ಬ್ಯಾಡ್ ಪೇಜ್ ಸ್ಟೇಟ್" ಎಂಬ ಸಾಲೂ ಜೊತೆಗಿದ್ದರೆ ನೇರ ರ್‍ಯಾಮ್ ಕಡೆ ನಡೆಯಿರಿ.

ಮೆಮ್‌ಟೆಸ್ಟ್86+ ಹಳೇ 5ರ ಆವೃತ್ತಿಯಲ್ಲಿ ಯುಇಎಫ್‌ಐ (ಹಳೇ ಬಯೋಸ್ ಬದಲಿಗೆ ಬಂದ ಫರ್ಮ್‌ವೇರ್) ಮಷಿನ್ನಿಗೆ ಒಗ್ಗುತ್ತಿರಲಿಲ್ಲ. 2022ರಲ್ಲಿ ಬಂದ 6ರಿಂದ ಆ ಕಾಟ ತಪ್ಪಿತು. ಪ್ಯಾಕೇಜ್ ಹಾಕಿದರೆ ಗ್ರಬ್ ಮೆನುವಿನಲ್ಲೇ ಕೂರುತ್ತದೆ, ಪೆನ್‌ಡ್ರೈವ್ ಬೇಡ. ಸಹಿ ಇಲ್ಲದ ಪ್ರೋಗ್ರಾಮನ್ನು ಬೂಟ್ ಮಾಡಲು ಬಿಡದ ಸೆಕ್ಯೂರ್ ಬೂಟ್ ಮಾತ್ರ ಆಫ್ ಇರಬೇಕು. ಇಲ್ಲಿ 8 ಜಿಬಿಗೆ ಒಂದು ಪಾಸ್ (ಎಲ್ಲ ಟೆಸ್ಟುಗಳ ಒಂದು ಸುತ್ತು) ಹೆಚ್ಚುಕಮ್ಮಿ ಒಂದು ಗಂಟೆ. ಸಂಜೆ ಆಫೀಸು ಮುಚ್ಚುವಾಗ ಹಚ್ಚಿ ಹೋದರೆ ಬೆಳಿಗ್ಗೆಗೆ ಉತ್ತರ ಇರುತ್ತದೆ. ಒಂದು ಪಾಸಿಗೆ ನಿಲ್ಲಿಸಬೇಡಿ, ಕನಿಷ್ಠ ನಾಲ್ಕು ಆಗಲಿ.

ಕೆಂಪು ಸಾಲು ಬಂತೆಂದು ರ್‍ಯಾಮ್ ಎಸೆಯುವ ಆತುರವೂ ಬೇಡ. ಮೊದಲ ಮಳೆಗಾಲದಲ್ಲಿ ತಪ್ಪುಗಳು ಎರಡೂ ಸ್ಟಿಕ್ಕಿನಲ್ಲಿ, ಎಲ್ಲೆಂದರಲ್ಲಿ ಚೆಲ್ಲಿದ್ದವು. ಅದು ಥಂಡಿಯ ಕೆಲಸ. ಕ್ಯಾಮೆರಾ ಲೆನ್ಸಿಗೆ ಬೂಷ್ಟು ಹಿಡಿಯದಂತೆ ಬೀರುವಿನಲ್ಲಿ ಬಲ್ಬು ಉರಿಸಿಡುವ ಊರಿದು. ರ್‍ಯಾಮ್ ಅಂಚಿನ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಮಾಸಲು ಪೊರೆ ಕೂತಿತ್ತು. ಪವರ್ ಕೇಬಲ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಸ್ಟಿಕ್ ತೆಗೆದು, ಬಿಳಿ ಪೆನ್ಸಿಲ್ ರಬ್ಬರಿನಿಂದ ಒಂದೇ ದಿಕ್ಕಿಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿದ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಸ್ಲಾಟಿನ ಧೂಳನ್ನು ಬಾಯಿಂದ ಊದಬೇಡಿ, ಉಗುಳಿನ ಹನಿ ಒಳಗೆ ಹೋಗುತ್ತದೆ. ಒಣ ಬ್ರಷ್ ಸಾಕು. ಆ ವರ್ಷ ಮತ್ತೆ ಪ್ಯಾನಿಕ್ ಇಲ್ಲ.

ಎರಡನೇ ಮಳೆಗಾಲದ ತಪ್ಪು ಬೇರೆ ಜಾತಿ. ಪ್ರತಿ ಪಾಸಿನಲ್ಲೂ ಅದೇ ವಿಳಾಸ, ಅದೇ ಒಂದು ಬಿಟ್. ಒಂದೊಂದೇ ಸ್ಟಿಕ್ ಇಟ್ಟು, ಸ್ಲಾಟ್ ಬದಲಿಸಿ ಓಡಿಸಿದಾಗ ತಪ್ಪು ಸ್ಟಿಕ್ಕಿನ ಹಿಂದೆಯೇ ಹೋಯಿತು. ಸ್ಟಿಕ್ ಸತ್ತಿದೆ ಎಂದರ್ಥ. ತಪ್ಪು ಸ್ಲಾಟಿನಲ್ಲೇ ಉಳಿದಿದ್ದರೆ ಬೋರ್ಡಿನದ್ದಾಗುತ್ತಿತ್ತು. ಹೊಸ ಸ್ಟಿಕ್ ಸಿಗುವ ತನಕ ಮೆಮ್‌ಮ್ಯಾಪ್ ಆಯ್ಕೆಯಿಂದ ಆ ವಿಳಾಸವನ್ನು ಕರ್ನಲ್ ಮುಟ್ಟದಂತೆ ಬೇಲಿ ಹಾಕಬಹುದು. ಆದರೆ ಸಂಬಳದ ಲೆಕ್ಕ ಇರುವ ಮಷಿನ್ನಿನಲ್ಲಿ ಅದು ಬೇಡ, 4 ಜಿಬಿಯಲ್ಲೇ ನಡೆಸಿದರೂ ವಾಸಿ.

ಮೆಮ್‌ಟೆಸ್ಟ್ ಸೋತದ್ದು ಮೂರನೇ ಮಳೆಗಾಲದಲ್ಲಿ. ಎಂಟು ಪಾಸ್ ಚೊಕ್ಕ, ಆದರೂ ಪ್ಯಾನಿಕ್. ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಟ್ಟು, ಮಲ್ಟಿಮೀಟರಿನ ಕಪ್ಪು ಮೊನೆ ಎಸ್‌ಎಂಪಿಎಸ್‌ನ (ಕಂಪ್ಯೂಟರಿನ ಒಳಗಿನ ಪವರ್ ಸಪ್ಲೈ) ಕಪ್ಪು ವೈರಿಗೆ, ಕೆಂಪು ಮೊನೆ ಹಳದಿ ವೈರಿಗೆ ಇಟ್ಟಾಗ 12 ವೋಲ್ಟ್ ಬರಬೇಕಾದಲ್ಲಿ 11.2. ನಿಯಮದ ಪ್ರಕಾರ ಶೇ. 5ರ ಏರುಪೇರು ಸರಿ, ಅಂದರೆ 11.4ಕ್ಕಿಂತ ಇಳಿಯಬಾರದು. ಎಸ್‌ಎಂಪಿಎಸ್ ಬದಲಿಸಿದ ಮೇಲೆ 11.9ಕ್ಕೆ ನಿಂತಿತು. ಲೇಸರ್ ಪ್ರಿಂಟರನ್ನು ಯುಪಿಎಸ್‌ನಿಂದ ಕಿತ್ತು ಗೋಡೆಯ ಪ್ಲಗ್ಗಿಗೆ ಹಾಕಿದ್ದೂ ಆಗಲೇ. ಬಿಸಿಯಾಗುವಾಗ ಅದು ಎಳೆಯುವ ಕರೆಂಟು ಚಿಕ್ಕ ಯುಪಿಎಸ್‌ಗೆ ಹೊರೆ.

ಕೆಡಂಪ್ ಮೇಲಿನ ದೂರು ಎರಡು. 8 ಜಿಬಿಯಲ್ಲಿ 256 ಎಂಬಿ ಸದಾ ಅದರ ಪಾಲು. ಮತ್ತೆ, ಕೆಟ್ಟ ಬಿಟ್ ಆ ಮೀಸಲು ಜಾಗದಲ್ಲೇ ಬಿದ್ದರೆ ಡಂಪ್ ಬರೆಯುವವನೂ ಬೀಳುತ್ತಾನೆ. 

"ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್" ಎಂದು ಬೂಟ್ ಆಗುವಾಗಲೇ ನಿಲ್ಲುವ ಪ್ಯಾನಿಕ್ಕಿಗೆ ಈ ಎರಡೂ ಬೇಡ. ಸಾಮಾನ್ಯವಾಗಿ ಬೂಟ್ ಪಾರ್ಟಿಷನ್ ತುಂಬಿ, ಬೂಟ್ ಶುರುವಿಗೆ ಬೇಕಾದ ಫೈಲುಗಳ ಕಟ್ಟಾದ ಹೊಸ ಕರ್ನಲ್ಲಿನ ಇನಿಟ್‌ರ್‍ಯಾಮ್‌ಎಫ್‌ಎಸ್ ಅರ್ಧಕ್ಕೆ ನಿಂತಿರುತ್ತದೆ. ಹಳೇ ಕರ್ನಲ್ಲಿನಿಂದ ಒಳಹೊಕ್ಕು, ಬೇಡದ ಕರ್ನಲ್ ತೆಗೆದು, ಅಪ್‌ಡೇಟ್-ಇನಿಟ್‌ರ್‍ಯಾಮ್‌ಎಫ್‌ಎಸ್ ಮತ್ತು ಅಪ್‌ಡೇಟ್-ಗ್ರಬ್ ಓಡಿಸಿದರೆ ಹತ್ತು ನಿಮಿಷದ ಕೆಲಸ.